ಆರ್ವೋ ನಿಸ್ಕನೆನ್ ಬೈಯಲು ಹೋದದ್ದು

ಸ್ಪ್ರೂಸ್ ಬೆಂಡ್ ಊರಿನ ಸೇತುವೆಯ ಟೋಲ್ ಗೂಡಿನಲ್ಲಿ ಕೂರುತ್ತಿದ್ದ ಆರ್ವೋ ನಿಸ್ಕನೆನ್ ಜನ್ಮದಲ್ಲಿ ಯಾರಿಗೂ ಒರಟು ಮಾತು ಆಡಿದವನಲ್ಲ. ಒಮ್ಮೆ ಊರಿನ ಬ್ಯಾಂಕು ದೋಚಿದ ಕಳ್ಳನೊಬ್ಬ ಸೇತುವೆ ದಾಟಿ ಪರಾರಿಯಾಗಲು ಬಂದಾಗ ಆರ್ವೋ ಅವನ ಕೈಗೆ ಚಿಲ್ಲರೆ ಕೊಡುತ್ತ, "ಮೇಲೆ ಗಾಳಿ ಜೋರಾಗಿದೆ ಸರ್, ನಿಧಾನಕ್ಕೆ ಹೋಗಿ, ಮನೇಲಿ ಕಾಯ್ತಿರ್ತಾರೆ" ಅಂದನಂತೆ. ಕಳ್ಳ ಟೋಪಿ ಮುಟ್ಟಿ ವಂದಿಸಿದ. ಹೇಳಿದ ಹಾಗೆಯೇ ನಿಧಾನವಾಗಿ ಹೋದ. ಹಿಂದೆ ಅಟ್ಟಿಸಿಕೊಂಡು ಬಂದ ಪೊಲೀಸರಿಗೂ ಆರ್ವೋ ಅದನ್ನೇ ಹೇಳಿದ. ಅವರೂ ನಿಧಾನವಾಗಿ ಹೋದರು. ಆ ಮೆರವಣಿಗೆ ಇನ್ನೂ ವಾಷಿಂಗ್ಟನ್ ರಾಜ್ಯದ ಯಾವುದೋ ರಸ್ತೆಯಲ್ಲಿ ಸಾಗುತ್ತಿದೆ ಎಂದು ನಂಬುವವರು ನಮ್ಮೂರಿನಲ್ಲಿದ್ದಾರೆ.

ಗಾಳಿಯ ವಿಷಯದಲ್ಲಿ ಮಾತ್ರ ಅವನು ಒಂದು ಅಕ್ಷರವೂ ಹೆಚ್ಚು ಹೇಳಿರಲಿಲ್ಲ. ಕೊಲಂಬಿಯಾ ನದಿಯ ಕಣಿವೆಯಲ್ಲಿ ಗಾಳಿ ಎದ್ದಿತೆಂದರೆ ನಮ್ಮ ಕೋಳಿಗಳು ಹೊಟ್ಟೆ ತುಂಬ ಕಲ್ಲು ನುಂಗಿ, ಭಾರ ಮಾಡಿಕೊಂಡೇ ಗೂಡಿನಿಂದ ಹೊರಬರುತ್ತವೆ. ಪಡುವಣ ಊರಿನವರು ಒಣಹಾಕಿದ ಅಂಗಿಯನ್ನು ನಾವು ತೊಡುತ್ತೇವೆ, ನಮ್ಮದನ್ನು ಮೂಡಣದವರು ತೊಡುತ್ತಾರೆ. ಅಳತೆ ಸರಿಹೊಂದದಿದ್ದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆರ್ವೋಗಿದ್ದ ಒಂದೇ ಚಟವೆಂದರೆ ಮನೆಯಲ್ಲೇ ಬಿಯರ್ ಮಾಡುವುದು. ಇದು ಊರಿಗೆ ಊರೇ ಹಿಡಿದಿದ್ದ ಚಟ. ಬಾರ್ಲಿ ಕುದಿಸುವುದು, ಹಾಪ್ಸ್ ಹೂವು ಹಾಕುವುದು ಎಲ್ಲರಿಗೂ ಬರುತ್ತಿತ್ತು. ಕಷ್ಟವಿದ್ದದ್ದು ಯೀಸ್ಟನ್ನು ಎಬ್ಬಿಸುವುದರಲ್ಲಿ. ಅಂಗಡಿಯಿಂದ ತರುವ ಯೀಸ್ಟು ಅಂಗೈಯಗಲದ ಬೆಳ್ಳಿಬಣ್ಣದ ಪೊಟ್ಟಣದಲ್ಲಿ ಗಂಜಿಯ ಹಾಗೆ ಮಲಗಿರುತ್ತದೆ. ಅದರೊಳಗೆ ಇನ್ನೊಂದು ಪುಟ್ಟ ಚೀಲ, ಆ ಚೀಲದಲ್ಲಿ ಯೀಸ್ಟಿನ ಊಟ. ಪೊಟ್ಟಣವನ್ನು ಒಂದು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಬಾರಿಸಬೇಕು. ಒಳಗಿನ ಚೀಲ ಒಡೆಯಬೇಕು, ಹೊರಗಿನದು ಒಡೆಯಬಾರದು. ಊಟ ಸಿಕ್ಕಿದ ಯೀಸ್ಟು ಎದ್ದು, ತಿಂದು, ತೇಗುತ್ತದೆ. ಆ ತೇಗಿಗೆ ಪೊಟ್ಟಣ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬುತ್ತದೆ. ಉಬ್ಬಿದರೆ ಜೀವವಿದೆ ಎಂದು ಅರ್ಥ.

ಬೇರೆ ಊರುಗಳಲ್ಲಿ ಈ ಏಟನ್ನು ಯಾರು ಬೇಕಾದರೂ ಕೊಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಏಟು ಸಿಟ್ಟಿನಿಂದ ಬಿದ್ದರೆ ಮಾತ್ರ ಯೀಸ್ಟು ಎದ್ದು ಕೂರುತ್ತದೆ ಎಂಬುದು ಸ್ಪ್ರೂಸ್ ಬೆಂಡ್‌ನ ನಂಬಿಕೆ. ಊರಿನ ಅತ್ಯುತ್ತಮ ಸಿಟ್ಟು ಓಪಲ್ ಪ್ರೂಯಿಟ್ ಎಂಬ ವಿಧವೆಯ ಬಳಿ ಇತ್ತು. ಆಕೆ ಸೇತುವೆ ತುದಿಯಲ್ಲಿ, ಹಣ್ಣಿನ ಹೂರಣ ತುಂಬಿ ಸುಡುವ ಪೈ ಮತ್ತು ಕಾಫಿಯ ಹೋಟೆಲು ನಡೆಸುತ್ತಿದ್ದಳು. ಹಿಟ್ಟು ಲಟ್ಟಿಸಿ ಲಟ್ಟಿಸಿ ಆಕೆಯ ತೋಳು ಸೇತುವೆಯ ಕಂಬಗಳಿಗೆ ನಾಚಿಕೆ ತರುವ ಹಾಗಿತ್ತು. ಗುರುವಾರ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಬಿಯರ್ ಸಂಘದವರು ಪೊಟ್ಟಣ ಹಿಡಿದು ಸಾಲು ನಿಲ್ಲುತ್ತಿದ್ದರು. ಒಬ್ಬೊಬ್ಬರೂ ಆಕೆಯನ್ನು ಕೆಣಕಬೇಕು, ಆಕೆ ಸಿಟ್ಟಿಗೆದ್ದು ಪೊಟ್ಟಣಕ್ಕೆ ಬಾರಿಸಬೇಕು. ಹಳಸಿದ ಬೈಗುಳಕ್ಕೆ ಹಳಸಿದ ಏಟು. ಇನ್ನೊಂದು ಕಟ್ಟಳೆಯೂ ಇತ್ತು: ಜಾಡಿಯಲ್ಲಿ ಬಿಯರ್ ಗುಳುಗುಳು ಅನ್ನುವುದು ನಿಲ್ಲುವವರೆಗೆ ಆಕೆಯನ್ನು ಸಮಾಧಾನ ಮಾಡಕೂಡದು. ಆಕೆ ತಣ್ಣಗಾದರೆ ಯೀಸ್ಟೂ ತಣ್ಣಗಾಗುತ್ತದೆ.

ಆರ್ವೋ ಪ್ರತಿ ಸಲ ಹೋಗಿ, "ದಯವಿಟ್ಟು, ಮಿಸೆಸ್ ಪ್ರೂಯಿಟ್, ನಿಮಗೆ ತೊಂದರೆ ಇಲ್ಲದಿದ್ದರೆ" ಎನ್ನುತ್ತಿದ್ದ. ಆಕೆ ಮಗುವಿನ ಬೆನ್ನು ತಟ್ಟಿದ ಹಾಗೆ ಪೊಟ್ಟಣ ತಟ್ಟುತ್ತಿದ್ದಳು. ಅದು ಮುನಿಸಿಕೊಂಡವರ ಹಾಗೆ ಚಪ್ಪಟೆಯಾಗಿ ಬಿದ್ದಿರುತ್ತಿತ್ತು. ಹಾಗಾಗಿ ಅವನ ಬಿಯರ್ ಬಾರ್ಲಿ ಕಷಾಯದಿಂದ ಮುಂದಕ್ಕೆ ಹೋದದ್ದೇ ಇಲ್ಲ.

ಈ ಶರತ್ಕಾಲದಲ್ಲಿ ಪೇರ್ ಹಣ್ಣಿನ ಕೊಯ್ಲು ಮುಗಿದಾಗ ಕೊಡುವ ಊಟಕ್ಕೆ ಪೀಪಾಯಿ ತುಂಬಿಸುವ ಸರದಿ ಆರ್ವೋನದಾಗಿತ್ತು. ಈ ಸಲವೂ ಕೆಟ್ಟರೆ ಅವನಿಗೆ ಮತ್ತೆ ಸರದಿ ಇಲ್ಲ, ಬಾಟಲಿ ತೊಳೆಯುವ ತೊಟ್ಟಿಯೇ ಗತಿ ಎಂದು ಸಂಘ ತೀರ್ಮಾನಿಸಿತ್ತು. ಅದೇ ತಿಂಗಳು ಅವನಿಗೆ ನಿವೃತ್ತಿ. ಬದುಕೆಲ್ಲ ಬೇರೆಯವರನ್ನು ದಾಟಿಸಿದ್ದೇ ಆಯಿತು. ಒಮ್ಮೆಯಾದರೂ ನಾಲ್ಕು ಜನ ಲೋಟ ಎತ್ತಿ "ಇದು ಆರ್ವೋ ಮಾಡಿದ್ದು" ಅನ್ನಬೇಕೆಂದು ಅವನಿಗೆ ಆಸೆ.

ಸಂಘದ ಅಧ್ಯಕ್ಷ, ಪೇರ್ ತೋಟದ ಮಾಸ್ ಟಕೆಮೊಟೊ, ಅವನಿಗೆ ಬೈಗುಳದ ಪಾಠಕ್ಕೆ ಕೂತ.

"ನನ್ನ ಮೇಲೇ ಶುರು ಮಾಡು. ನನ್ನ ಪೇರ್ ಹಣ್ಣು ಹೇಗಿದೆ?"

"ಸ್ವಲ್ಪ ಗಟ್ಟಿ" ಎಂದ ಆರ್ವೋ.

"ಹಾಂ, ಭೇಷ್. ಇನ್ನೂ ಖಾರ ಹಾಕು."

"ತುಂಬಾ ಗಟ್ಟಿ. ಆದ್ರೆ ಹಲ್ಲಿಗೆ ಒಳ್ಳೇದು."

"ಆದ್ರೆ ಅನ್ನಬೇಡ ಮಾರಾಯ. ಬೈಯೋವಾಗ ಆದ್ರೆ ಅಂದ್ರೆ ಕೆಟ್ಟಿತು."

"ತಪ್ಪಾಯ್ತು."

"ತಪ್ಪಾಯ್ತು ಅಂತಾನೂ ಅನ್ನಬೇಡ."

ಗುರುವಾರ ಬಂತು. ಮಾಸ್ ಮೊದಲು ಹೋಗಿ, "ಓಪಲ್, ರಸ್ತೆ ಇಲಾಖೆಯವರು ಕೇಳ್ತಿದ್ರು. ಹೆದ್ದಾರೀಲಿ ಗುಂಡಿ ಬಿದ್ದಿದೆಯಂತೆ, ನಿನ್ನ ಪೈ ನಾಲ್ಕು ಬೇಕಂತೆ" ಎಂದ. ಓಪಲ್ ಬಾರಿಸಿದ ಏಟಿಗೆ ಗೋಡೆಯ ಗಡಿಯಾರ ಹೆದರಿ ಒಂದು ಗಂಟೆ ಮುಂದೆ ಓಡಿತು. ಆಮೇಲೆ ಆರ್ವೋನ ಸರದಿ. ಅವನು ಟೋಪಿ ತೆಗೆದು ಎದೆಗೊತ್ತಿಕೊಂಡ.

"ಮಿಸೆಸ್ ಪ್ರೂಯಿಟ್, ನಿಮ್ಮ ಪೈ..."

"ಹೇಳು ಬಂಗಾರ."

"ಬಹಳ ಭಾರ. ಅಂದ್ರೆ, ಕೊಟ್ಟ ಕಾಸಿಗೆ ಮೋಸ ಇಲ್ಲ."

ಸಾಲಿನಲ್ಲಿದ್ದವರು ಮುಖ ಮುಚ್ಚಿಕೊಂಡರು. ಓಪಲ್ ಕೈ ಕಟ್ಟಿ ನಿಂತಳು. "ಬೈಯೋದು ನಿನ್ನ ಕೈಲಾಗಲ್ಲ. ಹೋಗಲಿ, ನಿಜಾನಾದ್ರೂ ಹೇಳು. ದಿನಾ ಬಂದು ಆ ಕಿಟಕಿ ಹತ್ರ ಕೂತು ನನ್ನ ಕಾಫಿ ಕುಡೀತೀಯಲ್ಲ, ಹೇಗಿರುತ್ತೆ?"

ಆರ್ವೋಗೆ ಬೈಯಲು ಬರುತ್ತಿರಲಿಲ್ಲ ನಿಜ, ಆದರೆ ಸುಳ್ಳು ಹೇಳಲೂ ಬರುತ್ತಿರಲಿಲ್ಲ.

"ಗೊತ್ತಿಲ್ಲ ಮ್ಯಾಮ್. ನಾನು ಕುಡಿದಿಲ್ಲ."

"ಮತ್ತೆ ಕಪ್ಪು ಖಾಲಿ ಇರ್ತಿತ್ತಲ್ಲ?"

"ನಿಮಗೆ ಬೇಜಾರಾಗಬಾರದು ಅಂತ ಪಕ್ಕದ ಕುಂಡಕ್ಕೆ ಹಾಕ್ತಿದ್ದೆ. ಆ ಕೆಂಪು ಹೂವಿನ ಗಿಡ ಇತ್ತಲ್ಲ, ಅದು ಇರೋವರೆಗೂ. ಆಮೇಲೆ ಕಿಟಕಿಯಾಚೆ."

ಅದು ಓಪಲ್‌ಗೆ ಅವಳ ತಾಯಿ ಕೊಟ್ಟಿದ್ದ ಜೆರೇನಿಯಂ ಗಿಡ.

"ನನ್ನ ಗಂಡ ಲಿರೋಯ್ ಚುಟ್ಟಾ ಬೂದಿ ಹಾಕಿ ಅದನ್ನ ಸಾಯಿಸಿದ ಅಂದ್ಕೊಂಡಿದ್ದೆ" ಎಂದಳು ಓಪಲ್ ಸಣ್ಣ ದನಿಯಲ್ಲಿ. "ಆ ಮನುಷ್ಯ ಸಾಯೋವರೆಗೂ ಬೈದೆ. ಸತ್ತ ಮೇಲೂ ಸ್ಮಶಾನಕ್ಕೆ ಹೋಗಿ ಬೈದು ಬರ್ತಿದ್ದೀನಿ. ಹೋದ ಭಾನುವಾರ ಕೂಡ ಬೈದು ಬಂದೆ."

ಆಮೇಲೆ ಬಾರಿಸಿದಳು. ಆ ಏಟಿನ ಸದ್ದಿಗೆ ನದಿಯ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಕಾಲ ಬಂತೆಂದು ತಿಳಿದು ಒಂದು ತಿಂಗಳು ಮುಂಚೆಯೇ ಹೊರಟವು ಎನ್ನುತ್ತಾರೆ. ನಾನು ಮೀನನ್ನು ಕಂಡಿಲ್ಲ, ಪೊಟ್ಟಣವನ್ನು ಕಂಡಿದ್ದೇನೆ. ಆರ್ವೋ ಬಾಗಿಲು ತಲುಪುವಷ್ಟರಲ್ಲಿ ಅದು ದಿಂಬಿನಷ್ಟಾಗಿತ್ತು. ಮನೆಗೆ ಒಯ್ಯುವಾಗ ಗಾಳಿಗೆ ಅದು ಅವನನ್ನೇ ಎತ್ತಿಕೊಂಡು ಹೋಗುತ್ತದೆಂದು ಇಬ್ಬರು ಅವನ ಕಾಲು ಹಿಡಿದುಕೊಂಡು ನಡೆದರು.

ಪೊಟ್ಟಣವನ್ನು ಜಾಡಿಗೆ ಸುರಿದದ್ದೇ ಆರ್ವೋನ ಗ್ಯಾರೇಜು ಗುಳುಗುಳು ಸದ್ದಿನಿಂದ ತುಂಬಿತು. ಅವನಿಗೆ ಮಾತ್ರ ಅನ್ನ ಸೇರದಂತಾಯಿತು. "ಹೋಗಿ ಒಂದು ಮಾತು ಕ್ಷಮೆ ಕೇಳಿ ಬರ್ತೀನಿ" ಎಂದು ಮಾಸ್‌ನ ಬೆನ್ನು ಬಿದ್ದ.

"ಗುಳುಗುಳು ನಿಲ್ಲಲಿ, ಆಮೇಲೆ ಕಾಲಿಗೆ ಬೀಳು. ಈಗ ಬಾಯಿ ತೆಗೆದ್ಯೋ, ಪೀಪಾಯಿ ಹೋಯ್ತು, ನಿನ್ನ ಹೆಸರೂ ಹೋಯ್ತು."

ಕಷ್ಟವೇನೆಂದರೆ ಓಪಲ್ ಆಚೆ ದಡದ ಡೈರಿಯಿಂದ ಕೆನೆ ತರಲು ದಿನಾ ಬೆಳಿಗ್ಗೆ ಅದೇ ಸೇತುವೆ ದಾಟಬೇಕಿತ್ತು. ಮಾಸ್ ಒಂದು ಉಣ್ಣೆಯ ಕೈಗವಸು ಹಿಡಿದು ಟೋಲ್ ಗೂಡಿನಲ್ಲಿ ಕಾವಲು ಕೂತ. ಓಪಲ್‌ಳ ಟ್ರಕ್ಕು ಕಂಡಕೂಡಲೇ ಆರ್ವೋನ ಬಾಯಿಗೆ ಅದನ್ನು ತುರುಕುತ್ತಿದ್ದ. ಕೈಗವಸು ಕಚ್ಚಿಕೊಂಡೇ ಆರ್ವೋ ಆಕೆಗೆ ತಲೆಬಾಗಿ ನಮಸ್ಕರಿಸುತ್ತಿದ್ದ. ಆಕೆ ಅವನ ಮುಖ ನೋಡದೆ ಕಾಸು ಎಸೆದು ಹೋಗುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ಕೊಯ್ಲಿನ ಗಡಿಬಿಡಿಯಲ್ಲಿ ಮಾಸ್‌ಗೆ ಬರಲಾಗಲಿಲ್ಲ. ಟ್ರಕ್ಕು ಬಂದು ನಿಂತಿತು. ಆರ್ವೋ ಪೀಪಾಯಿಯನ್ನು ನೆನೆದ, ಲೋಟ ಎತ್ತುವ ಜನರನ್ನು ನೆನೆದ, ತೊಟ್ಟಿಯನ್ನೂ ನೆನೆದ. ಓಪಲ್‌ಳ ಊದಿದ ಕಣ್ಣು ನೋಡಿದ ಮೇಲೆ ಯಾವುದೂ ನೆನಪಿನಲ್ಲಿ ಉಳಿಯಲಿಲ್ಲ.

"ಮಿಸೆಸ್ ಪ್ರೂಯಿಟ್, ಆ ಗಿಡದ ವಿಷಯ, ನಾನು..."

ಓಪಲ್ ಸರಸರನೆ ಕಿಟಕಿಯ ಗಾಜು ಏರಿಸಿದಳು. ಉಳಿದ ಮಾತನ್ನು ಗಾಳಿ ಎತ್ತಿಕೊಂಡು ಹೋಯಿತು. ಅದು ಮೂಡಣದ ಊರಿನಲ್ಲಿ ಅಂಗಳ ಗುಡಿಸುತ್ತಿದ್ದ ಯಾರೋ ಹೆಂಗಸಿನ ಕಿವಿಗೆ ಬಿದ್ದು, ಗಂಡನೊಡನೆ ಜಗಳವಾಡಿ ತವರಿಗೆ ಬಂದಿದ್ದ ಆಕೆ ಅಂದೇ ಅವನ ಮನೆಗೆ ಮರಳಿದಳಂತೆ.

ಆರ್ವೋ ನೇರ ಸಂಘಕ್ಕೆ ಹೋಗಿ, "ಕ್ಷಮೆ ಕೇಳಿಬಿಟ್ಟೆ" ಎಂದ. ಎಲ್ಲರೂ ಅವನ ಗ್ಯಾರೇಜಿಗೆ ಓಡಿ ಜಾಡಿಗೆ ಕಿವಿಯಿಟ್ಟರು. ಸದ್ದಿಲ್ಲ.

"ಹೋಯ್ತು" ಎಂದ ಮಾಸ್, ಟೋಪಿ ತೆಗೆದು.

ಬೇರೆ ಮಾಡಲು ಹೊತ್ತಿರಲಿಲ್ಲ. ಅದನ್ನೇ ಪೀಪಾಯಿಗೆ ತುಂಬಿ, ಕೊಯ್ಲಿನ ಊಟದ ದಿನ ಹಣ್ಣಿನ ಶೆಡ್ಡಿನ ಮೂಲೆಯಲ್ಲಿ ಇಟ್ಟರು. ಯಾರೂ ಮುಟ್ಟಲಿಲ್ಲ. ಆರ್ವೋ ಯಾರೂ ಹೇಳುವ ಮೊದಲೇ ಏಪ್ರನ್ ಕಟ್ಟಿಕೊಂಡು ತೊಟ್ಟಿಯ ಮುಂದೆ ನಿಂತ. ಅಷ್ಟರಲ್ಲಿ ಓಪಲ್ ಪೈಗಳ ತಟ್ಟೆ ಹೊತ್ತು ಒಳಗೆ ಬಂದಳು.

"ಒಂದು ಲೋಟ ಕೊಡ್ರೋ."

"ಬೇಡ ಓಪಲ್, ಅದು ಸತ್ತ ಬಿಯರು."

ಆಕೆ ತಾನೇ ನಲ್ಲಿ ತಿರುಗಿಸಿ ಹಿಡಿದುಕೊಂಡಳು. ಒಂದೇ ಉಸಿರಿಗೆ ಅರ್ಧ ಇಳಿಸಿದಳು, ಮೇಲ್ದುಟಿಯ ನೊರೆ ಒರೆಸಿಕೊಂಡಳು, ಉಳಿದರ್ಧವನ್ನೂ ಇಳಿಸಿದಳು.

"ಹೊಟ್ಟೆ ತುಂಬಿದ ಮೇಲೆ ಯಾರು ಗುಳುಗುಳು ಅಂತಾರೆ? ಉಂಡು ಮಲಗಿದೆ ಅಷ್ಟೆ. ಇನ್ನೊಂದು ಲೋಟ."

ಆಮೇಲೆ ಪೀಪಾಯಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಲೋಟಗಳು ಎದ್ದವು. "ಇದು ನಮ್ಮ ಆರ್ವೋ ಮಾಡಿದ್ದು" ಎಂದು ಮೊದಲು ಕೂಗಿದವನು ಮಾಸ್. ತಾನು ಮೊದಲಿಂದಲೂ ಹೇಳುತ್ತಲೇ ಇದ್ದೆನೆಂದೂ ಸೇರಿಸಿದ.

ಆರ್ವೋ ಸೋಪಿನ ಕೈಯಲ್ಲೇ ಓಪಲ್ ಬಳಿ ಬಂದ. "ಆವತ್ತು ಗಾಳಿಗೆ ನಿಮಗೆ ಕೇಳಿಸಲಿಲ್ಲ ಅನ್ಸುತ್ತೆ."

"ಕೇಳಿಸ್ತು. ಪೂರ್ತಿ ಕೇಳಿದ್ರೆ ಕರಗಿಬಿಡ್ತೀನಿ ಅಂತ ಗಾಜು ಏರಿಸ್ದೆ. ಕರಗಿದ್ರೆ ನಿನ್ನ ಪೀಪಾಯಿ ಏನಾಗ್ತಿತ್ತು ಬಂಗಾರ? ಸಿಟ್ಟು ಹಿಡ್ಕೊಂಡು ಹಿಡ್ಕೊಂಡು ನನಗೂ ಸಾಕಾಗಿದೆ. ಈಗ ಹೇಳು."

ಆರ್ವೋ ಮೊದಲನೆಯ ಕಪ್ ಕಾಫಿಯಿಂದ ಶುರುಮಾಡಿದ. ಪ್ರತಿ ಕಪ್ಪಿಗೂ ಬೇರೆ ಬೇರೆಯಾಗಿ ಕ್ಷಮೆ ಕೇಳುತ್ತ ಬಂದ. ಪೀಪಾಯಿ ಬರಿದಾಗಿ ಜನ ಕುರ್ಚಿ ಮಡಚುವ ಹೊತ್ತಿಗೆ ಅವನಿನ್ನೂ ಎರಡನೆಯ ಚಳಿಗಾಲದಲ್ಲಿದ್ದ. ಓಪಲ್ ಒಂದು ಹಣ್ಣಿನ ಪೆಟ್ಟಿಗೆ ಎಳೆದು ಕೂತು, "ಹೂಂ, ಆಮೇಲೆ?" ಎನ್ನುತ್ತಿದ್ದಳು.