ನೀರಣ್ಣನ ಗಾಜಿನ ತೊಟ್ಟಿ

ನಮ್ಮ ಪ್ರಾಣಿಗಳ ಆಸ್ಪತ್ರೆಗೆ ಯಾರಾದರೂ ದೊಡ್ಡವರು ಬಂದರೆ ಒಂದು ಸುತ್ತು ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸುವ ರೂಢಿಯಿದೆ. ಸ್ಕ್ಯಾನಿಂಗ್ ಕೋಣೆ, ಕೆಳಗಿನಿಂದ ಬೆಚ್ಚಗಾಗುವ ಆಪರೇಷನ್ ಟೇಬಲ್, ಉಸಿರಾಟ ಕಷ್ಟವಾದ ಮರಿಗಳಿಗೆ ಆಕ್ಸಿಜನ್ ತುಂಬಿದ ಪೆಟ್ಟಿಗೆ, ನಾಯಿಗಳ ಸದ್ದು ಕೇಳದಷ್ಟು ದೂರದಲ್ಲಿ ಕಟ್ಟಿದ ಬೆಕ್ಕುಗಳ ವಾರ್ಡು, ಆಮೇಲೆ ನಾನು ಕೆಲಸ ಮಾಡುವ ಎಕ್ಸ್‌ರೇ ಕೋಣೆ. ಅಲ್ಲಿಯವರೆಗೂ ತಲೆಯಾಡಿಸುತ್ತಾ ಬಂದವರು ಕಾರಿಡಾರಿನ ಕೊನೆಯ ಕೋಣೆಯಲ್ಲಿ ಮಾತ್ರ ನಿಂತುಬಿಡುತ್ತಾರೆ. ಅಲ್ಲೊಂದು ಗಾಜಿನ ತೊಟ್ಟಿ ಇದೆ. ಎದೆಮಟ್ಟದ ಎತ್ತರ, ತಳದಲ್ಲಿ ನೆಲದ ಬದಲು ಓಡುವ ಬೆಲ್ಟು. ಸೊಂಟದ ಆಪರೇಷನ್ ಆದ ನಾಯಿಯನ್ನೋ ಬೆನ್ನಿಗೆ ಪೆಟ್ಟು ಬಿದ್ದ ನಾಯಿಯನ್ನೋ ಒಳಗೆ ನಿಲ್ಲಿಸಿ, ಬಾಗಿಲು ಬಿಗಿದು, ಉಗುರುಬೆಚ್ಚಗಿನ ನೀರು ತುಂಬಿ, ಬೆಲ್ಟನ್ನು ಮೆಲ್ಲಗೆ ಓಡಿಸುತ್ತಾರೆ. ಮೈಭಾರವನ್ನು ನೀರು ಹೊತ್ತುಕೊಳ್ಳುತ್ತದೆ. ನೆಲದ ಮೇಲೆ ನಿಲ್ಲಲಾರದ ನಾಯಿ ಅದರಲ್ಲಿ ಹೆಜ್ಜೆ ಹಾಕುತ್ತದೆ.

ಆ ಕೋಣೆ ನೀರಣ್ಣನದು. ಹೋದ ತಿಂಗಳವರೆಗೆ ಅವನದಾಗಿತ್ತು ಎನ್ನಬೇಕು. ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಮಂಚದ ಅಂಚಿಗೆ ಕೂತವನು ಹಾಗೇ ಪಕ್ಕಕ್ಕೆ ಒರಗಿದನಂತೆ. ಹೃದಯ, ಎಂದರು ಡಾಕ್ಟರು. ಅವನ ಅಕ್ಕ ಅಡುಗೆಮನೆಯಿಂದ ಎರಡು ಸಲ ಕೂಗಿ, ಮೂರನೇ ಸಲ ಬೈಯುತ್ತಾ ಬಂದು ನೋಡಿದರಂತೆ.

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ದಿನವಿಡೀ ನೀರಲ್ಲಿ ಕೈ ಅದ್ದಿಕೊಂಡೇ ಇರುತ್ತಿದ್ದ ಅವನನ್ನು ಯಾರೋ ನೀರಣ್ಣ ಎಂದರು, ಅದೇ ನಿಂತಿತು. ಕೂಸಾಗಿದ್ದಾಗ ಬಂದ ಜ್ವರ ಅವನ ಎಡಗಾಲನ್ನು ತಿಂದುಹಾಕಿತ್ತು. ಪ್ರತಿ ಹೆಜ್ಜೆಗೂ ಎಡಗೈಯನ್ನು ತೊಡೆಯ ಮೇಲೆ ಊರಿ, ಕಾಲನ್ನು ಹಿಂದಕ್ಕೆ ಒತ್ತಿ ನಡೆಯುತ್ತಿದ್ದ. ಹಾಗಾಗಿ ಅವನ ಪ್ಯಾಂಟುಗಳೆಲ್ಲ ಅದೇ ಜಾಗದಲ್ಲಿ ಸವೆಯುತ್ತಿದ್ದವು. ಟೈಲರು ಕೇಳದೆಯೇ ಅಲ್ಲಿಗೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಹೊಲಿದು ಕೊಡುತ್ತಿದ್ದ.

ಅವನು ಕೆಲಸ ಮಾಡುವುದನ್ನು ನೋಡಬೇಕಿತ್ತು. ತೊಟ್ಟಿಯ ಮುಂದೆ ಒಂದು ಗಿಡ್ಡ ಸ್ಟೂಲು ಹಾಕಿಕೊಂಡು, ಮುಖವನ್ನು ನಾಯಿಯ ಮುಖದ ಸಮಕ್ಕೆ ತಂದು, ಗಾಜಿಗೆ ಅಂಗೈ ಒತ್ತಿ ಕೂರುತ್ತಿದ್ದ. "ಬಾರೋ ಕಂದ, ಬಾ, ಇನ್ನೊಂದೇ ಹೆಜ್ಜೆ. ಅಯ್ಯೋ ಸೋಮಾರಿ, ನಿನ್ನೆ ನಡೆದಿದ್ದು ಮರೆತುಹೋಯ್ತಾ?" ಎನ್ನುತ್ತಿದ್ದ. ನಾಯಿ ಅವನ ಕಡೆಗೆ ನಡೆಯುತ್ತಿತ್ತು. ಕೆಳಗಿನ ಬೆಲ್ಟು ಅದನ್ನು ಹಿಂದಕ್ಕೆ ಎಳೆಯುತ್ತಿತ್ತು. ಎಷ್ಟು ನಡೆದರೂ ನಾಯಿ ಇದ್ದಲ್ಲೇ, ಅವನೂ ಇದ್ದಲ್ಲೇ. ಆದರೂ ಇಬ್ಬರಿಗೂ ಬೇಸರವಿಲ್ಲ.

ಮಧ್ಯಾಹ್ನದ ಊಟಕ್ಕೆ ನಾವಿಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ತಲೆಯ ಮೇಲೆ ತಂತಿಗಳ ತುಂಬ ನಾಯಿಗಳ ಟವೆಲ್ಲುಗಳು ಒಣಗುತ್ತಿರುತ್ತಿದ್ದವು. ಒಂದು ದಿನ ಅಲ್ಲಿ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ನನಗೂ ಒಂದ್ಸಲ ಇಳೀಬೇಕು ಅನ್ಸುತ್ತೆ" ಎಂದ.

"ಎಲ್ಲಿಗೆ?"

"ತೊಟ್ಟಿಗೆ. ಇನ್ನೆಲ್ಲಿಗೆ, ಬಾವಿಗಾ?"

ನಾನು ನಕ್ಕೆ. ಅವನು ನಗಲಿಲ್ಲ. ಹಿಂಗಾಲು ಎಳೆದುಕೊಂಡು ಬಂದಿದ್ದ ಒಂದು ಮುದಿ ನಾಯಿ ಆವತ್ತು ಬೆಳಿಗ್ಗೆ ನೀರಿನಲ್ಲಿ ನಾಲ್ಕೂ ಕಾಲು ಊರಿ ನಡೆದಿತ್ತು. ಅದರ ಮುಖ ನೋಡಬೇಕಿತ್ತು ಎಂದ. "ಅದಕ್ಕೆ ಆಶ್ಚರ್ಯ ಆಗಿತ್ತು ಕಣಯ್ಯಾ. ನನಗೆ ಆ ಆಶ್ಚರ್ಯ ಬೇಕು. ಒಂದ್ಸಲ ಸಾಕು."

ಮನುಷ್ಯರ ಆಸ್ಪತ್ರೆಯಲ್ಲೂ ಇಂಥದ್ದು ಇರುತ್ತದಲ್ಲ ಎಂದೆ. ಇರುತ್ತೆ, ಮೊನ್ನೆ ಮೊನ್ನೆ ಕಾಲು ಮುರಿದುಕೊಂಡವರಿಗೆ, ತನ್ನದು ಹಳೇ ಕೇಸು, ಯಾವ ಡಾಕ್ಟರೂ ಬರೆದುಕೊಡಲ್ಲ ಎಂದ. ಈಜುಕೊಳಕ್ಕೂ ಒಮ್ಮೆ ಹೋಗಿದ್ದನಂತೆ, ಗೇಟಿನವರೆಗೆ.

"ಹಾಗಾದ್ರೆ ನಮ್ಮ ಆಸ್ಪತ್ರೆ ಡಾಕ್ಟರಮ್ಮನ್ನೇ ಕೇಳು. ಬೇಡ ಅನ್ನಲ್ಲ ಅವರು."

"ಅದೇ ಭಯ. ಹೂಂ ಅಂದುಬಿಟ್ರೆ?" ಎಂದ. ನನಗೆ ಅರ್ಥವಾಗಲಿಲ್ಲ ಎಂದು ಗೊತ್ತಾಗಿ ಮತ್ತೆ ಹೇಳಿದ. "ಅದಕ್ಕೆ ಸುತ್ತಲೂ ಗಾಜು ಯಾಕೆ ಇಟ್ಟಿದ್ದಾರೆ ಹೇಳು? ಕಾಲು ಕಾಣಲಿ ಅಂತ."

ಅಷ್ಟು ವರ್ಷದ ಸ್ನೇಹದಲ್ಲಿ ನಾನು ಅವನ ಕಾಲನ್ನು ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ. ಬೇಸಿಗೆಯಲ್ಲೂ, ಮನೆಯೊಳಗೂ ಉದ್ದ ಪ್ಯಾಂಟೇ. ಶಾಲೆಗೆ ಚಡ್ಡಿ ಹಾಕಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಹುಡುಗರು ಅವನಿಗೆ ಬೇರೆ ಒಂದು ಹೆಸರಿಟ್ಟಿದ್ದರು. ಆ ಹೆಸರನ್ನು ಅವನು ನನಗೂ ಹೇಳಲಿಲ್ಲ.

ಆಮೇಲೆ ತೊಟ್ಟಿಯ ಬೆಲ್ಟು ಹರಿಯಿತು. ಕಂಪನಿಯ ಮೆಕ್ಯಾನಿಕ್ ಬಂದು ಹೊಸದನ್ನು ಹಾಕಿ, ಭಾರ ಬಿದ್ದಾಗ ಜಾರುತ್ತದೋ ಇಲ್ಲವೋ ನೋಡಬೇಕು, ಯಾರಾದರೂ ಇಳಿಯಿರಿ ಎಂದ. ತಮಾಷೆ ನೋಡಲು ಅರ್ಧ ಆಸ್ಪತ್ರೆ ಅಲ್ಲಿ ಸೇರಿತ್ತು.

"ನೀರಣ್ಣಾ, ನೀವೇ ಇಳೀರಿ" ಎಂದರು ಡಾಕ್ಟರಮ್ಮ. "ನಿಮ್ಮ ಮನೆ ತಾನೇ ಅದು."

ನಾನು ಅವನ ಮುಖ ನೋಡಿದೆ. ಎಡಗೈ ತೊಡೆಯ ಮೇಲಿತ್ತು. ಬಟ್ಟೆಯನ್ನು ಹಿಡಿದುಕೊಂಡಿತ್ತು.

"ನನ್ನ ಭಾರ ಎಲ್ಲಿ ಸಾಲುತ್ತೆ ಮೇಡಂ" ಎಂದ. "ನಮ್ಮ ಔಷಧಿ ಅಂಗಡಿ ಸಾಹೇಬರು ಇಳೀಲಿ. ಅವರನ್ನ ತಡೆದುಕೊಂಡ್ರೆ ಆನೆ ಬಂದರೂ ಚಿಂತೆ ಇಲ್ಲ."

ಎಲ್ಲರೂ ನಕ್ಕರು. ಔಷಧಿ ಕೊಡುವವನೂ ನಕ್ಕು, ಪ್ಯಾಂಟನ್ನು ತೊಡೆಯವರೆಗೆ ಮಡಚಿ ಇಳಿದೇಬಿಟ್ಟ. "ನೀರು ಬಿಸಿ ಇದೆಯಾ? ಸೋಪು ಕೊಡ್ತೀರಾ?" ಎಂದ. "ಮೊದಲು ಒಂದು ಸಲ ಬೊಗಳಿ, ಆಮೇಲೆ ಸೋಪು" ಎಂದಳು ನರ್ಸು. ನೀರಣ್ಣ ಗುಂಡಿ ಒತ್ತಿ ಬೆಲ್ಟು ಓಡಿಸಿದ. ನೀರೊಳಗೆ ಆ ದಪ್ಪ ಕಾಲುಗಳು ಏಳುವುದನ್ನೂ ಇಳಿಯುವುದನ್ನೂ ಅವನೊಬ್ಬನೇ ನಗದೆ ನೋಡುತ್ತಿದ್ದ. ಅಂಗಡಿಯ ಗಾಜಿನಾಚೆ ಇಟ್ಟ ವಸ್ತುವನ್ನು ಮಕ್ಕಳು ನೋಡುತ್ತಾರಲ್ಲ, ಹಾಗೆ.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಹೊಸ ಚಡ್ಡಿ, ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ.

"ಡಾಕ್ಟರಮ್ಮನ್ನ ಕೇಳಿದೆ" ಎಂದ.

"ಏನಂದ್ರು?"

"ಎಷ್ಟು ಹೊತ್ತಿಗೆ ಅಂದ್ರು. ಅಷ್ಟೇ. ಈಗ ಎಲ್ಲರನ್ನೂ ಮುಂದಿನ ಹಾಲ್‌ಗೆ ಕರೆದಿದ್ದಾರೆ, ಕೈ ತೊಳೆಯೋದು ಹೇಗೆ ಅಂತ ಪಾಠ ಅಂತೆ. ನೀನು ಹೋಗಬೇಡ. ಗುಂಡಿ ಒತ್ತೋಕೆ ಒಬ್ಬರು ಬೇಕು."

ಇಬ್ಬರೂ ಹಿತ್ತಲಿಗೆ ಹೋಗಿ ತಂತಿಯ ಮೇಲಿದ್ದ ಟವೆಲ್ಲುಗಳನ್ನೆಲ್ಲ ಬಾಚಿ ತಂದೆವು. ತೊಟ್ಟಿಯ ಸುತ್ತಲೂ ಗಾಜಿನ ಮೇಲೆ ಒಂದೊಂದಾಗಿ ಇಳಿಬಿಟ್ಟೆವು. ಗುಂಡಿಗಳಿರುವ ಕಡೆ ಮಾತ್ರ ಒಂದು ಟವೆಲ್ಲು ಕಡಿಮೆ ಬಿತ್ತು. ಅದನ್ನು ಅವನು ನೋಡಿದ, ನಾನೂ ನೋಡಿದೆ.

"ಆ ಕಡೆ ತಿರುಗಿ ನಿಂತ್ಕೋ" ಎಂದ. "ಕೈಯಷ್ಟೇ ಹಿಂದೆ ಇರಲಿ. ನಾನು ಹೇಳಿದಾಗ ಒತ್ತು. ತಿರುಗಬೇಡ, ದಮ್ಮಯ್ಯ."

"ತಿರುಗಲ್ಲ, ಇಳಿ."

ಗೋಡೆಗೆ ಮುಖ ಮಾಡಿ ನಿಂತೆ. ಗೋಡೆಯ ಮೇಲೆ ನಾಯಿಯ ಮೂಳೆಗಳ ಚಿತ್ರವಿತ್ತು. ಹಿಂದೆ ಬಕಲ್ ಬಿಚ್ಚಿದ ಸದ್ದು, ಬಟ್ಟೆ ಸರಿದ ಸದ್ದು, ಬಾಗಿಲು ಬಿಗಿದ ಸದ್ದು. ನೀರು ತುಂಬತೊಡಗಿತು. ಸೊಂಟದವರೆಗೆ ಬಂದಾಗ ಸಾಕು ಎಂದ. ಬೆಲ್ಟು ಶುರುಮಾಡಿದೆ.

"ಸ್ವಲ್ಪ ಜಾಸ್ತಿ ಮಾಡು."

ಮಾಡಿದೆ.

"ಇನ್ನೊಂದು ಚೂರು."

ಆಮೇಲೆ ಮಾತಿಲ್ಲ. ಬೆಲ್ಟಿನ ಗುಂಯ್ ಸದ್ದು, ನೀರು ಒಂದು ಗಾಜಿಗೆ ತಾಗಿ ಇನ್ನೊಂದು ಗಾಜಿಗೆ ಹೊರಳುವ ಸದ್ದು. ತುಂಬ ಹೊತ್ತಾದ ಮೇಲೆ ನನಗೇ ದಿಗಿಲಾಗಿ, "ಹೇಗಿದೆ?" ಎಂದೆ.

"ಮಾತಾಡಿಸಬೇಡ" ಎಂದ. "ನಡೀತಿದ್ದೀನಿ."

ಕೊನೆಗೆ ಅವನೇ ನಿಲ್ಲಿಸಲು ಹೇಳಿದ. ನೀರು ಬಿಡಲಾ ಎಂದರೆ ಇರು ಎಂದ. ಮತ್ತೆ ಕೇಳಿದೆ, ಮತ್ತೆ ಇರು ಎಂದ. ಆಮೇಲೆ, "ಮೆಲ್ಲಗೆ ಬಿಡು, ಭಾರ ಒಮ್ಮೆಲೇ ಬರೋದು ಬೇಡ" ಎಂದ. ನೀರು ಇಳಿಯುತ್ತಿದ್ದಷ್ಟು ಹೊತ್ತೂ ಅವನು ನಿಂತೇ ಇದ್ದ. ಪ್ಯಾಂಟು ಹಾಕಿಕೊಂಡು ಹೊರಗೆ ಬಂದಾಗ ಮೊದಲಿನ ಹಾಗೆಯೇ ಕೈ ಊರಿ ನಡೆಯುತ್ತಿದ್ದ. ಒದ್ದೆ ಚಡ್ಡಿಯನ್ನು ಹಿಂಡಿ, ಮಡಚಿ, ಚೀಲದಲ್ಲಿಟ್ಟುಕೊಂಡ.

ಸಂಜೆ ಬಸ್ ಸ್ಟಾಪಿನಲ್ಲಿ ತಾನಾಗಿಯೇ ಹೇಳಿದ. "ಎರಡೂ ಕಾಲು ಒಟ್ಟಿಗೆ ನನ್ನ ಮಾತು ಕೇಳಿದ್ವು ಕಣಯ್ಯಾ. ಕೈಗೆ ಏನು ಮಾಡಬೇಕು ಅಂತಲೇ ತಿಳೀಲಿಲ್ಲ. ಸುಮ್ಮನೆ ಜೋತುಬಿದ್ದಿತ್ತು."

"ಮತ್ತೆ ಇಳಿಯೋಣ, ಯಾವಾಗಲಾದ್ರೂ."

"ಹೂಂ, ಇಳಿಯೋಣ" ಎಂದ. ಬಸ್ಸು ಬಂತು. ಆಮೇಲೆ ಆ ಕೋಣೆ ಎಂದೂ ಖಾಲಿ ಸಿಗಲಿಲ್ಲ. ಅವನೂ ಕೇಳಲಿಲ್ಲ. ದಿನವೂ ನಾಯಿಗಳನ್ನು ಇಳಿಸುತ್ತಿದ್ದ, ನೀರಿನೊಳಗೆ ಕೈ ಬಿಟ್ಟು ಅವುಗಳ ಪಾದಗಳನ್ನು ಸರಿಯಾಗಿ ಊರಿಸುತ್ತಿದ್ದ. ಕೆಲವು ಸಲ ಕೆಲಸ ಮುಗಿದ ಮೇಲೂ ಕೈಯನ್ನು ನೀರಿನಿಂದ ಹೊರಗೆ ತೆಗೆಯುತ್ತಿರಲಿಲ್ಲ.

ಹೋದ ವಾರ ಅವನ ಅಕ್ಕನನ್ನು ನೋಡಲು ಹೋಗಿದ್ದೆ. ತಾಯಿ ಬೇಗ ಹೋದದ್ದರಿಂದ ಅವನನ್ನು ಬೆಳೆಸಿದವರು ಅವರೇ. ಶಾಲೆ ಸೇರುವವರೆಗೂ ಸೊಂಟದ ಮೇಲೆ ಹೊತ್ತು ತಿರುಗಿದವರು. ಅವನ ಮಂಚದ ಮೇಲೆ ಕೂತು ಬಟ್ಟೆಗಳನ್ನು ವಿಂಗಡಿಸುತ್ತಿದ್ದರು. ಚಡ್ಡಿಯನ್ನು ಎತ್ತಿ ತೋರಿಸಿ, "ಇದು ಯಾರದಪ್ಪಾ? ಅವನದಲ್ಲ" ಎಂದರು.

ಹೇಳಿದೆ. ಕೇಳುತ್ತಾ ಕೇಳುತ್ತಾ ಅದನ್ನು ಮಡಿಲಲ್ಲಿಟ್ಟುಕೊಂಡರು.

"ನನಗೆ ಒಂದು ಮಾತು ಹೇಳಲಿಲ್ಲ, ಕಳ್ಳ" ಎಂದರು. ಆಮೇಲೆ, "ನೆಟ್ಟಗೆ ನಡೆದನಾ?"

"ನಾನು ನೋಡಲಿಲ್ಲ ಅಕ್ಕ. ತಿರುಗಬೇಡ ಅಂದಿದ್ದ."

"ಅವನು ಅಂದ, ನೀನು ಕೇಳಿದೆ. ಒಂದ್ಸಲ ತಿರುಗಿದ್ರೆ ಏನಾಗ್ತಿತ್ತು?"

ಅದನ್ನೇ ನಾನೂ ಈ ತಿಂಗಳಿಡೀ ಕೇಳಿಕೊಂಡಿದ್ದೇನೆ. ತಿರುಗಿದ್ದರೆ ಅವನು ನಿಂತುಬಿಡುತ್ತಿದ್ದ, ಇದು ನನಗೆ ಗೊತ್ತು. ಆದರೂ ನೋಡಬೇಕಿತ್ತು ಅನ್ನಿಸುತ್ತದೆ. ಎರಡು ಕೈಯನ್ನೂ ಇಳಿಬಿಟ್ಟು ನನ್ನ ಗೆಳೆಯ ನಡೆಯುತ್ತಿದ್ದಾಗ ಒಂದು ಮೊಳ ದೂರದಲ್ಲಿ ನಾನಿದ್ದೆ. ನನ್ನ ಕಣ್ಣ ಮುಂದೆ ಇದ್ದದ್ದು ನಾಯಿಯ ಮೂಳೆಗಳ ಚಿತ್ರ.

ಅಕ್ಕ ಮಡಿಲಲ್ಲಿದ್ದ ಚಡ್ಡಿಯ ಸುಕ್ಕನ್ನು ಅಂಗೈಯಿಂದ ಸವರಿ ಸರಿಮಾಡಿದರು. ಆಮೇಲೆ, "ಸದ್ದಾದ್ರೂ ಕೇಳಿಸ್ತಲ್ಲ ನಿನಗೆ. ಹೇಗೆ ಕೇಳಿಸ್ತು, ಹೇಳು" ಎಂದರು.

ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುತ್ತಿತ್ತು, ಎರಡೂ ಕಡೆ ಒಂದೇ ಸಮ, ಎಲ್ಲೂ ತಡವರಿಸಲಿಲ್ಲ ಎಂದೆ.

"ಒಂದೇ ಸಮ?"

"ಒಂದೇ ಸಮ ಅಕ್ಕ."

ಅವರು ಕಣ್ಣು ಮುಚ್ಚಿಕೊಂಡರು. "ಮೊದಲಿಂದ ಹೇಳು" ಎಂದರು. "ಬಾಗಿಲು ಹಾಕಿದಲ್ಲಿಂದ."

ಹೇಳತೊಡಗಿದೆ.