ಎತ್ತಿಗೆ ಹುರುಳಿ, ತಮ್ಮನಿಗೆ ಸಕ್ಕರೆ ಅನ್ನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಉಣ್ಣುತ್ತಿದ್ದವು ನಮ್ಮ ಎರಡು ಎತ್ತುಗಳು. ನಗಬೇಡಿ ಮಕ್ಕಳೇ, ನಿಜವಾಗಿ ಹೇಳುತ್ತಿದ್ದೇನೆ. ಬೆಳಕು ಹರಿಯುವ ಹೊತ್ತಿಗೆ ಹಿತ್ತಿಲ ಒಲೆಯ ಮೇಲೆ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯುತ್ತಿತ್ತು. ಆ ವಾಸನೆ ಹೊಗೆಯ ಜೊತೆ ಸೇರಿ ನಾನು ಮಲಗಿದ್ದ ಚಾಪೆಯವರೆಗೂ ಬರುತ್ತಿತ್ತು. ಬೆಂದ ಮೇಲೆ ಅವ್ವ ಕಟ್ಟು ಬಸಿಯುತ್ತಿದ್ದಳು. ಕಟ್ಟು ಎಂದರೆ ಕಾಳು ಬೆಂದ ನೀರು. ಅದು ನಮ್ಮ ಸಾರಿಗೆ. ಕಾಳು ಕೊಟ್ಟಿಗೆಗೆ. ಅಪ್ಪ ಅದಕ್ಕೆ ಒಂದಿಷ್ಟು ತೌಡು ಕಲಸಿ ತನ್ನ ಕೈಯಾರೆ ಎತ್ತುಗಳ ಮುಂದೆ ಇಡುತ್ತಿದ್ದ. ಕಬ್ಬಿನ ಗಾಡಿ ಎಳೆಯುವ ಎತ್ತುಗಳಲ್ಲವೇ, ಅವುಗಳ ಮೈ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುತ್ತಿತ್ತು.

ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ, ಈಗ ಭಾರತೀನಗರ ಎನ್ನುವ ಕೆ.ಎಂ. ದೊಡ್ಡಿಯ ಹತ್ತಿರ ಇತ್ತು. ನಮ್ಮ ಬಯಲಿಗೆ ನಾಲೆ ನೀರು ಬಂದದ್ದು ತಡವಾಗಿ. ಬಂದದ್ದೇ ತಡ, ಭತ್ತ ಬೆಳೆಯಿತು, ಕಬ್ಬು ಬೆಳೆಯಿತು, ಅವೆರಡಕ್ಕಿಂತ ಎತ್ತರಕ್ಕೆ ನಮ್ಮ ಮನೆಯವರ ಜಂಬ ಬೆಳೆಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ; ನಮ್ಮವರು ಕೊಡೆ ಹಿಡಿಯಲಿಲ್ಲ, ಮಕ್ಕಳ ತಟ್ಟೆಗೆ ಬಿಳಿ ಅನ್ನ ಹಾಕಿದರು. ನನ್ನ ಅಜ್ಜಿ, ಅಪ್ಪನ ತಾಯಿ, ತಾನು ಮುದ್ದೆ ನುಂಗಿಯೇ ಮುದುಕಿಯಾದವಳು. ಅಪ್ಪನೂ ಅಷ್ಟೇ. ಆದರೆ ಮನೆಯ ಹಸುಗೂಸುಗಳಿಗೆ ಮಾತ್ರ ಮುದ್ದೆ ಕೂಡದು, ಅದು ಬಡವರ ಊಟ. ಕಾಳು ಮೊದಲೇ ಕೂಡದು, ಅದು ದನದ ಮೇವು, ಮೇಲಾಗಿ ವಾಯು. ಮನೆಯಲ್ಲಿ ಎಮ್ಮೆಯ ಹಾಲಿತ್ತು, ಅದು ಕೆ.ಎಂ. ದೊಡ್ಡಿಯ ಹೋಟೆಲಿಗೆ ಹೋಗುತ್ತಿತ್ತು. ಕೋಳಿ ಇಟ್ಟ ಮೊಟ್ಟೆ ನೆಂಟರಿಗೆ. ನಾನು ಹುಟ್ಟಿದ್ದು ನಾಲೆ ಬರುವುದಕ್ಕೆ ಮೊದಲು. ಆಗ ಮನೆಯಲ್ಲಿ ಜಂಬಪಡಲು ಏನೂ ಇರಲಿಲ್ಲವಾದ್ದರಿಂದ ಮುದ್ದೆ, ಕಾಳು ತಿಂದುಕೊಂಡು ಬದುಕಿದೆ.

ನನ್ನ ತಮ್ಮ ಹುಟ್ಟಿದ್ದು ನಾಲೆ ಬಂದ ಮೇಲೆ. ಅವ್ವ ಮತ್ತೆ ಬಸುರಿಯಾದಳೆಂದು ಅವನಿಗೆ ಎದೆಹಾಲು ಬಿಡಿಸಿದರು. ಆಮೇಲೆ ಅವನಿಗೆ ಬೆಳಿಗ್ಗೆ ಮೆತ್ತಗೆ ಬೇಯಿಸಿದ ಅನ್ನ, ಸಕ್ಕರೆ. ಮಧ್ಯಾಹ್ನ ಅನ್ನ, ಸಕ್ಕರೆ. ಸಂಜೆ ಗಂಜಿ, ಅದಕ್ಕೂ ಸಕ್ಕರೆ. ಕೆಲವೇ ತಿಂಗಳಿಗೆ ಅವನ ಕೆನ್ನೆ ತುಂಬಿಕೊಂಡಿತು. ಕಾಲು ಗುಂಡಗಾಯಿತು. ಕಪ್ಪು ಕೂದಲು ಕೆಂಚಾಗಿ ಮುಸುಕಿನ ಜೋಳದ ತೆನೆಯ ಎಳೆಗಳ ಹಾಗೆ ತೆಳ್ಳಗಾಯಿತು. ಮೈಬಣ್ಣ ಬಿಳುಚಿಕೊಂಡಿತು. ಅಜ್ಜಿಗೆ ಹಿಗ್ಗೋ ಹಿಗ್ಗು. ಮೊಮ್ಮಗ ದೊರೆಗಳ ಮಗುವಿನ ಹಾಗೆ ಬೆಳ್ಳಗಾಗುತ್ತಿದ್ದಾನೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅವನು ಅಳುತ್ತಿರಲಿಲ್ಲ, ಆಡುತ್ತಿರಲಿಲ್ಲ, ಕೂರಿಸಿದ ಕಡೆ ಕೂತಿರುತ್ತಿದ್ದ. ಅದಕ್ಕೂ ಅಜ್ಜಿಯ ಹತ್ತಿರ ಹೊಗಳಿಕೆ ಇತ್ತು. ಎಂಥ ಸಾಧು ಮಗು ಎನ್ನುತ್ತಿದ್ದಳು. ದಿನವಿಡೀ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವಳು ನಾನು. ಅವನ ತಲೆ ನನ್ನ ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತಿತ್ತು.

ಒಂದು ದಿನ ದೊಡ್ಡಿಯ ಶಾಲೆಯಲ್ಲಿ ಆರೋಗ್ಯವಂತ ಮಕ್ಕಳ ಸ್ಪರ್ಧೆ ಏರ್ಪಾಡಾಯಿತು. ಮದ್ದೂರಿನಿಂದ ಲೇಡಿ ಡಾಕ್ಟರು ಬಂದು ಮಕ್ಕಳನ್ನು ನೋಡಿ ಬಹುಮಾನ ಕೊಡುತ್ತಾರಂತೆ. ಸುದ್ದಿ ಕೇಳಿದ ಗಳಿಗೆಯಿಂದ ಅಜ್ಜಿಯ ಕಾಲು ನೆಲದ ಮೇಲಿರಲಿಲ್ಲ. ಆ ಬಹುಮಾನ ನಮ್ಮ ಮನೆಗಲ್ಲದೆ ಇನ್ನಾರ ಮನೆಗೆ ಬಂದೀತು ಎಂದು ಬೀದಿಯ ಉದ್ದಕ್ಕೂ ಹೇಳಿಕೊಂಡು ಬಂದಳು.

ಆ ಬೆಳಿಗ್ಗೆ ತಮ್ಮನಿಗೆ ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ದರು. ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು, ಸೊಂಟಕ್ಕೆ ಬೆಳ್ಳಿಯ ಉಡುದಾರ. ಕಾಲಿನ ಕಡಗ ಮಾತ್ರ ಏರಲೊಲ್ಲದು. ಅಜ್ಜಿ ಪಾದಕ್ಕೆ ಸೋಪು ಹಚ್ಚಿ ಒತ್ತಿ ಒತ್ತಿ ಏರಿಸಿದಳು. ಕಡಗ ಮಾಂಸದೊಳಗೆ ಹೂತುಕೊಂಡು ನಿಂತಿತು. ತಮ್ಮ ಅದಕ್ಕೂ ಅಳಲಿಲ್ಲ, ಬಾಯಿ ಮಾತ್ರ ಸೊಟ್ಟ ಮಾಡಿದ. ಅಪ್ಪ ಎತ್ತುಗಳ ಕೊಂಬಿಗೆ ಎಣ್ಣೆ ಸವರಿ ಗಾಡಿ ಕಟ್ಟಿದ. ದಾರಿಯಲ್ಲಿ ಎದುರಾದವರೆಲ್ಲ ಎತ್ತುಗಳನ್ನು ನಿಂತು ನೋಡಿದರು. ತಮ್ಮನನ್ನು ನೋಡಿದವರು ಹೆಚ್ಚು ಮಾತಾಡಲಿಲ್ಲ. ಅದು ಹೊಟ್ಟೆಕಿಚ್ಚು ಎಂದು ಅಜ್ಜಿ ತೀರ್ಮಾನ ಮಾಡಿದಳು.

ಶಾಲೆಯ ಕೋಣೆಯಲ್ಲಿ ಪೌಡರಿನ ವಾಸನೆ, ಮೂತ್ರದ ವಾಸನೆ, ಅಳುವಿನ ಗದ್ದಲ. ಎಂಥೆಂಥ ಮಕ್ಕಳು! ಕಪ್ಪಗೆ, ಸಣ್ಣಗೆ, ಬೆಂಚಿನ ಕೆಳಗೆ ನುಗ್ಗುವವು, ತೂಕದ ತಕ್ಕಡಿಯಲ್ಲಿ ಕೂರಿಸಿದರೆ ಒದೆಯುವವು, ಡಾಕ್ಟರ ಸೆರಗು ಹಿಡಿದು ಎಳೆಯುವವು. ಅಜ್ಜಿ ಅವುಗಳ ಕಡೆ ನೋಡಿ ಮೂಗು ಮುರಿದಳು. ನಮ್ಮ ಸರದಿ ಬಂದಾಗ ತಮ್ಮನನ್ನು ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಕೂರಿಸಿದಳು, ಕೂರಿಸಿ ಸುತ್ತ ನೋಡಿದಳು.

ಡಾಕ್ಟರು ತಮ್ಮನ ಕೂದಲು ನೋಡಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ಕಡಗದ ಮೇಲಿನ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಬೆರಳು ತೆಗೆದರು. ಕಲಸಿದ ಹಿಟ್ಟಿಗೆ ಬೆರಳೊತ್ತಿದ ಹಾಗೆ ಅಲ್ಲಿ ಗುಳಿ ಬಿದ್ದಿತ್ತು. ನಾನು ನೋಡುತ್ತಲೇ ಇದ್ದೆ, ಆ ಗುಳಿ ತುಂಬಿಕೊಳ್ಳಲೇ ಇಲ್ಲ.

“ಮಗೂಗೆ ಏನು ಊಟ ಕೊಡ್ತೀರಿ?” ಎಂದರು ಡಾಕ್ಟರು.

ಅಜ್ಜಿ ಇದಕ್ಕಾಗಿಯೇ ಕಾದಿದ್ದವಳು. “ಬಿಳೀ ಅನ್ನ ಕಣವ್ವ, ಸಕ್ರೆ ಕಣವ್ವ. ಮುದ್ದೆ ಗಿದ್ದೆ ಮುಟ್ಸಾಕಿಲ್ಲ ನಾವು.”

“ಕಾಳು?”

“ಅಯ್, ಕಾಳು ಎತ್ತಿಗ್ ಇಡ್ತೀವಿ ಬುಡವ್ವ. ಎಳೇ ಮಗೀಗ್ ಎಲ್ಲಾರ ಕಾಳು ಕೊಟ್ಟಾರಾ?”

ಕಿಟಕಿಯಾಚೆ ಹುಣಸೆಮರದ ಕೆಳಗೆ ನಮ್ಮ ಎತ್ತುಗಳು ಮೆಲುಕು ಹಾಕುತ್ತ ನಿಂತಿದ್ದವು. ಡಾಕ್ಟರು ಅವನ್ನು ನೋಡಿದರು, ತಮ್ಮನನ್ನು ನೋಡಿದರು. “ಹಾಗಾದ್ರೆ ಬಹುಮಾನ ಆ ಎತ್ತುಗಳಿಗೆ ಕೊಡಬೇಕು ಕಣಜ್ಜಿ. ನಿಮ್ಮನೇಲಿ ಸರಿಯಾಗಿ ಬೆಳೆದಿರೋದು ಅವೇ. ಇದು ಮೈ ಅಲ್ಲ, ನೀರು. ಮಗು ಉಪವಾಸ ಇದೆ. ಹೀಗೇ ಬಿಟ್ರೆ ಉಳಿಯಲ್ಲ.”

ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪನ ಮುಖ ಕೆಂಪಾಯಿತು. ಅಜ್ಜಿ ಸೆರಗು ಝಾಡಿಸಿಕೊಂಡು ತಮ್ಮನನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಆಗ, ಅಲ್ಲಿಯವರೆಗೆ ಬಾಗಿಲ ಹತ್ತಿರ ನಿಂತಿದ್ದ ಅವ್ವ, ತುಂಬಿದ ಬಸುರಿ, ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.

“ಡಾಕ್ಟ್ರಮ್ಮ, ನನ್ ಎಣ್ ಮಗೀಗೂ ಇಂಗೇ ಊದಿತ್ತು. ಇಂಗೇ ಕಾಲು, ಇಂಗೇ ಕೂದ್ಲು. ದೃಷ್ಟಿ ಅಂದ್ರು ಎಲ್ರೂವೆ.”

ನನಗೂ ತಮ್ಮನಿಗೂ ನಡುವೆ ಒಬ್ಬಳು ತಂಗಿ ಇದ್ದಳು ಮಕ್ಕಳೇ. ಗುಂಡು ಕೆನ್ನೆಯ ಹುಡುಗಿ. ನಾಲೆ ಬಂದ ಮೇಲೆ ಹುಟ್ಟಿ, ಅನ್ನ ಸಕ್ಕರೆ ತಿಂದು, ಒಂದು ಮಳೆಗಾಲದಲ್ಲಿ ಭೇದಿ ಹತ್ತಿ ತೀರಿಕೊಂಡಳು. ಎದುರು ಮನೆಯಾಕೆ ಒಂದು ಸಲ ಅವಳ ಕೆನ್ನೆ ಹಿಂಡಿ ಎಷ್ಟು ದುಂಡಗಿದ್ದೀಯೇ ಎಂದಿದ್ದಳಂತೆ. ಅಷ್ಟಕ್ಕೇ ಅಜ್ಜಿ ಆಕೆಯ ಕಣ್ಣನ್ನು ಶಪಿಸಿ, ಅವರ ಮನೆಯ ಜೊತೆ ಬೆಂಕಿ ನೀರು ಕೊಟ್ಟು ತರುವುದನ್ನೂ ನಿಲ್ಲಿಸಿದ್ದಳು. ಆ ಬಡಪಾಯಿ ನಮ್ಮ ಜಗಲಿಯ ಮುಂದೆ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಳು. ಅವ್ವ ಹೇಳಿದ್ದು ಕೇಳಿ ಡಾಕ್ಟರು ಅವ್ವನ ಭುಜದ ಮೇಲೆ ಕೈ ಇಟ್ಟು, ಕಾಳನ್ನು ಚೆನ್ನಾಗಿ ಬೇಯಿಸಿ ಅರೆದು ಸೋಸಿ ಸ್ವಲ್ಪ ಸ್ವಲ್ಪವೇ, ಹಲವು ಸಲ ತಿನ್ನಿಸಬೇಕೆಂದೂ ಎಮ್ಮೆ ಹಾಲು, ಮೊಟ್ಟೆ ಮಗುವಿಗೇ ಸೇರಬೇಕೆಂದೂ ನಾಳೆಯೇ ಮದ್ದೂರಿನ ಆಸ್ಪತ್ರೆಗೆ ಕರೆತರಬೇಕೆಂದೂ ಹೇಳಿದರು.

ವಾಪಸು ಬರುವಾಗ ಅಪ್ಪ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಹಾಲಿನ ಪುಡಿಯ ಡಬ್ಬಿ ತಂದ. ಡಬ್ಬಿಯ ಮೇಲೆ ಯಾವುದೋ ದೇಶದ ಗುಂಡು ಮಗುವಿನ ಚಿತ್ರ. ಮನೆಯ ಎಮ್ಮೆಯ ಹಾಲು ಹೋಟೆಲಿಗೆ, ಹೋಟೆಲಿನ ಪಕ್ಕದ ಅಂಗಡಿಯ ಹಾಲಿನ ಪುಡಿ ಮನೆಗೆ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವುದು ಎಂದರೆ ಇದೇ. ದನ ತಿನ್ನುವುದನ್ನು ತನ್ನ ಮಗನಿಗೆ ತಿನ್ನಿಸಿದರೆ ಊರವರು ಉಗಿಯುತ್ತಾರೆ ಎಂದು ದಾರಿಯುದ್ದಕ್ಕೂ ಗೊಣಗಿದ. ಮಗ ಸತ್ತರೆ ಊರವರು ಏನೆನ್ನುತ್ತಾರೆ ಎಂಬ ಯೋಚನೆ ಆ ತಲೆಗೆ ಬರಲಿಲ್ಲ.

ಮನೆ ತಲುಪುವಾಗ ಬಿಸಿಲು ಇಳಿಯುತ್ತಿತ್ತು. ಹಿತ್ತಿಲ ಮಡಕೆಯಲ್ಲಿ, ಎತ್ತುಗಳ ಸಂಜೆಯ ಪಾಲಿಗೆಂದು ಬೆಳಿಗ್ಗೆಯೇ ಬೇಯಿಸಿಟ್ಟ ಹುರುಳಿ ಇತ್ತು. ಅವ್ವ ಸೀರೆಯನ್ನೂ ಬದಲಿಸದೆ ನೇರವಾಗಿ ಹೋಗಿ ಮಡಕೆಗೆ ಸೌಟು ಹಾಕಿದಳು.

“ಏಯ್, ಅದು ಎತ್ತಿನ್ ಪಾಲು ಕಣಮ್ಮಿ! ಬುಡು ಅದ್ನ!” ಅಜ್ಜಿ ಕೂಗಿದಳು.

ಅವ್ವ ತಿರುಗಿಯೂ ನೋಡಲಿಲ್ಲ. “ಎತ್ತು ವೋದ್ರೆ ಇನ್ನೊಂದ್ ತರಬೋದು ಅತ್ತೆ. ಒಂದ್ ಮಗೀನ ಮಣ್ಣು ಮಾಡಿವ್ನಿ. ಇದ್ನೂ ಮಾಡಾಕಿಲ್ಲ.”

ಅಜ್ಜಿಯ ಎದುರು ಅವ್ವ ದನಿ ಎತ್ತಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲವೇನೋ, ಡಬ್ಬಿ ಹಿಡಿದುಕೊಂಡು ಕಂಬದ ಹಾಗೆ ನಿಂತಿದ್ದ. ಅವ್ವ ಒರಳಲ್ಲಿ ಕಾಳನ್ನು ನುಣ್ಣಗೆ ಅರೆದು, ಬಟ್ಟೆಯಲ್ಲಿ ಹಿಂಡಿ, ಉಪ್ಪಿನ ಹರಳು ಹಾಕಿದಳು. ನಾನು ತಮ್ಮನನ್ನು ಮಡಿಲಲ್ಲಿ ಹಿಡಿದುಕೊಂಡೆ. ಅವ್ವ ಬೆರಳಲ್ಲಿ ಅವನ ತುಟಿಗೆ ಸವರಿದಳು. ಅವನು ಉಗುಳಿದ. ಮತ್ತೆ ಸವರಿದಳು, ಮತ್ತೆ ಉಗುಳಿದ. ಆಮೇಲೆ ಒಂದು ಸಲ ಗಂಟಲು ಆಡಿತು. ಅವ್ವ ಅಲ್ಲೇ ಒರಳಿನ ಪಕ್ಕ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ತಮ್ಮನಿಗಾಗಿ ಅತ್ತಳೋ ತಂಗಿಗಾಗಿ ಅತ್ತಳೋ ಆಗ ನನಗೆ ತಿಳಿಯಲಿಲ್ಲ.

ಆಸ್ಪತ್ರೆಗೆ ಅಲೆದಾಟ ಶುರುವಾದ ಮೇಲೆ ತಮ್ಮನ ಊತ ಇಳಿಯಿತು. ಇಳಿದ ಮೇಲೆ ನೋಡಿದರೆ ಒಳಗಿದ್ದದ್ದು ಎಲುಬಿನ ಗೂಡು. ಚೆನ್ನಾಗಿದ್ದ ಕೂಸನ್ನು ಡಾಕ್ಟರಮ್ಮ ಒಣಗಿಸಿಬಿಟ್ಟಳು ಎಂದು ಅಜ್ಜಿ ಎದೆ ಬಡಿದುಕೊಂಡಳು. ಕಣ್ಣೆದುರಿಗೆ ಕಂಡರೂ ಕಲಿಯದವರು ಎಲ್ಲ ಕಾಲದಲ್ಲೂ ಇರುತ್ತಾರೆ, ನಮ್ಮ ಮನೆಯಲ್ಲೂ ಇದ್ದರು. ನಿಧಾನವಾಗಿ ಆ ಎಲುಬಿನ ಮೇಲೆ ಮಾಂಸ ಬಂತು. ಒಂದು ದಿನ ತಮ್ಮ ಕಿರುಚಿಕೊಂಡು ಬಂದು ನನ್ನ ತೋಳು ಕಚ್ಚಿದ. ರಕ್ತ ಬಂತು. ಅವ್ವ ಅವನಿಗೆ ಹೊಡೆಯಲಿಲ್ಲ, ಎತ್ತಿ ಮುದ್ದಿಟ್ಟಳು. ಅಂದಿನಿಂದ ಕಾಳಿನ ಸಾರು ಮಾಡಿದಾಗಲೆಲ್ಲ ಒಂದು ಬಟ್ಟಲು ಎದುರು ಮನೆಗೆ ಹೋಗುತ್ತಿತ್ತು. ಅಜ್ಜಿ ಮಾತ್ರ ಸಾಯುವವರೆಗೂ ಆಕೆಯ ಹತ್ತಿರ ಒಂದು ಒಳ್ಳೆಯ ಮಾತಾಡಲಿಲ್ಲ.

ಮುಂದೆ ನಾನು ಮಳವಳ್ಳಿಯಲ್ಲಿ ವಿಜ್ಞಾನದ ಮೇಡಂ ಆದೆ. ಪ್ರೋಟೀನಿನ ಪಾಠ ಮಾಡುವಾಗಲೆಲ್ಲ ತಮ್ಮನ ಕಾಲಿನ ಗುಳಿ ಕಣ್ಣಿಗೆ ಕಟ್ಟುತ್ತಿತ್ತು. ಪ್ರೋಟೀನು ಎಂದರೆ ಅಮೈನೋ ಆಮ್ಲಗಳ ಸರಪಳಿ. ನಮ್ಮ ಮಾಂಸ, ಚರ್ಮ, ಕೂದಲು, ರಕ್ತ ಎಲ್ಲಕ್ಕೂ ಅದೇ ಬೇಕು. ಕೆಲವು ಅಮೈನೋ ಆಮ್ಲಗಳನ್ನು ಮೈ ತಾನೇ ತಯಾರಿಸಿಕೊಳ್ಳುತ್ತದೆ, ಕೆಲವನ್ನು ಊಟದಿಂದಲೇ ಪಡೆಯಬೇಕು. ಲೈಸಿನ್ ಎಂಬುದೊಂದಿದೆ, ಅದು ಅಕ್ಕಿಯಲ್ಲಿ, ರಾಗಿಯಲ್ಲಿ ಕಡಿಮೆ, ಕಾಳಿನಲ್ಲಿ ಧಾರಾಳ. ಮೆಥಿಯೋನಿನ್ ಎಂಬುದು ಕಾಳಿನಲ್ಲಿ ಕಡಿಮೆ, ರಾಗಿಯಲ್ಲಿ ಚೆನ್ನಾಗಿದೆ. ಜೋಡೆತ್ತು ಕಟ್ಟಿದರೆ ಗಾಡಿ ಓಡುವ ಹಾಗೆ, ಮುದ್ದೆಯ ಜೊತೆ ಕಾಳಿನ ಸಾರು ಸೇರಿದರೆ ಮೈಗೆ ಬೇಕಾದ್ದು ಪೂರ್ತಿಯಾಗುತ್ತದೆ. ನಮ್ಮ ಹಿಂದಿನವರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಆದರೂ ಉಂಡರು, ಬದುಕಿದರು. ನಾಲ್ಕು ಮೂಟೆ ಭತ್ತ ಕಂಡ ನಮ್ಮ ಮನೆಯವರು ಆ ಜೋಡಿಯನ್ನು ಬಿಡಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವವರಿಗಿಂತ ಇವರು ಕಡೆ, ಏಕೆಂದರೆ ಇವರ ಮನೆಯಲ್ಲಿ ಹಿಟ್ಟೂ ಇತ್ತು, ಕಾಳೂ ಇತ್ತು.

ಈಗ ನಿಮ್ಮ ಕಾಲಕ್ಕೆ ಬರೋಣ. ಮಂಡ್ಯದ ಗುತ್ತಲು ಬಡಾವಣೆಯಲ್ಲಿ ನೀವಿದ್ದೀರಿ, ನಿಮ್ಮ ಜೊತೆ ನಾನಿದ್ದೇನೆ. ನಿಮ್ಮ ಅಣ್ಣ ಜಿಮ್ಮಿನಿಂದ ಬಂದು, ಬಕೆಟ್ಟಿನಷ್ಟು ದೊಡ್ಡ ಡಬ್ಬಿಯಿಂದ ಚಾಕಲೇಟ್ ವಾಸನೆಯ ಪುಡಿ ತೆಗೆದು, ನೀರಲ್ಲಿ ಕುಲುಕಿ ಕುಡಿಯುತ್ತಾನೆ. “ಅಜ್ಜಿ, ಇದ್ರಲ್ಲಿ ಅಷ್ಟೂ ಅಮೈನೋ ಆಸಿಡ್ ಐತೆ ಗೊತ್ತಾ?” ಎಂದು ನನಗೇ ಪಾಠ ಹೇಳುತ್ತಾನೆ. ಗೊತ್ತು ಕಣಪ್ಪ. ಆ ಡಬ್ಬಿಯ ಮೇಲಿನ ಉಬ್ಬಿದ ತೋಳಿನ ಗಂಡಸಿನ ಚಿತ್ರಕ್ಕೆ ನೀನು ಮರುಳಾದದ್ದೂ ಗೊತ್ತು. ಇನ್ನು ನೀವು ಚಿಕ್ಕವರು ಬೇಕರಿಯ ಪಫ್ಸು ಅಂದರೆ ಓಡಿಬರುತ್ತೀರಿ, ಹುರುಳಿ ಸಾರು ಅಂದರೆ ಮುಖ ಸಿಂಡರಿಸುತ್ತೀರಿ. ನಿಮಗೆ ಏನೂ ಆಗುವುದಿಲ್ಲ ಬಿಡಿ, ಹಾಲು, ಮೊಸರು, ಮೊಟ್ಟೆ, ಕೋಳಿ ಎಲ್ಲ ಸಿಗುತ್ತದೆ. ಅದಕ್ಕೇ ನಿಮ್ಮ ಸಿಂಡರಿಕೆ ನನಗೆ ಇನ್ನಷ್ಟು ಅಸಹ್ಯ.

ನಿನ್ನೆ ರಾತ್ರಿಯೂ ನೋಡಿದೆ. ಸಾರಿನ ಕಾಳನ್ನೆಲ್ಲ ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ತೊಳೆಯುವವರ ಪಾಲಿಗೆ ಬಿಟ್ಟು ಎದ್ದುಹೋದಿರಿ. ನಾನು ತಟ್ಟೆ ಎತ್ತಿಕೊಂಡೆ, ಚೆಲ್ಲಲು ಕೈ ಬರಲಿಲ್ಲ. ಅಲ್ಲೇ ನಿಂತು ಅಷ್ಟನ್ನೂ ತಿಂದೆ. ನೀವು ಬೇಡವೆಂದು ತಳ್ಳಿದ ಅಷ್ಟು ಕಾಳನ್ನು ನನ್ನ ತಂಗಿಗೆ ದಿನವೂ ಯಾರಾದರೂ ಕೊಟ್ಟಿದ್ದರೆ, ನಿಮಗೆ ಇನ್ನೊಬ್ಬಳು ಅಜ್ಜಿ ಇರುತ್ತಿದ್ದಳು.