ಹಂಪಿಗೆ ಹೊರಟು ಮಾಕಳಿ ಮುಟ್ಟಿದ್ದು

ಮಾಕಳಿ ಎಂಬ ಹೆಸರು ಕಿವಿಗೆ ಬಿದ್ದರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ. ಊರಿನ ತಪ್ಪೇನೂ ಇಲ್ಲ, ಪಾಪ. ತುಮಕೂರು ರಸ್ತೆಯ ಮೇಲೆ ತನ್ನ ಪಾಡಿಗೆ ತಾನಿರುವ ಊರು. ಒಂದಷ್ಟು ಕಾರ್ಖಾನೆ, ಒಂದಷ್ಟು ಗೋದಾಮು, ಅವುಗಳ ಸಂದಿಯಲ್ಲಿ ಉಳಿದುಕೊಂಡ ಹಳೆಯ ಮನೆಗಳು. ಆದರೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಕಂಡಕ್ಟರು "ಮಾಕಳಿ, ನೆಲಮಂಗಲ, ಬನ್ನಿ ಬನ್ನಿ" ಎಂದು ಕೂಗಿದನೋ, ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬೇರೆ ಕಡೆ ತಿರುಗುತ್ತೇನೆ. ಅವನಿಗೇನು ಗೊತ್ತು, ಹಂಪಿಗೆಂದು ಊರಿಗೆಲ್ಲ ಸಾರಿ ಹೊರಟವಳು ಮುಟ್ಟಿದ್ದು ಮಾಕಳಿಯನ್ನು ಎಂದು. ನಮ್ಮ ಮನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯಲೂ ಪುರಸೊತ್ತು ಸಿಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ನಮ್ಮವರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಐವತ್ತರ ಹೊಸ್ತಿಲಲ್ಲಿ ಕೆಲವರಿಗೆ ಭಕ್ತಿ ಹಿಡಿಯುತ್ತದೆ, ಕೆಲವರಿಗೆ ಬಿ.ಪಿ. ಹಿಡಿಯುತ್ತದೆ, ನನಗೆ ಸೈಕಲ್ಲು ಹಿಡಿಯಿತು. ಭಾನುವಾರ ಬೆಳಿಗ್ಗೆ ಹೆಸರಘಟ್ಟದ ಕಡೆಗೆ ಹೋಗಿಬರುವುದರಿಂದ ಶುರುವಾದ ಈ ಹುಚ್ಚು ಕ್ರಮೇಣ ಬೈಕ್‌ಪ್ಯಾಕಿಂಗಿಗೆ ಬಂದು ನಿಂತಿತು. ಹಾಗೆಂದರೆ ಬೇರೇನಲ್ಲ, ಹಾಸಿಗೆ, ಬಟ್ಟೆ, ಟೆಂಟು, ಪಾತ್ರೆ ಎಲ್ಲವನ್ನೂ ಸೈಕಲ್ಲಿಗೇ ಬಿಗಿದುಕೊಂಡು ಊರೂರು ತುಳಿಯುತ್ತಾ ಹೋಗುವುದು. ಹಿಂದೆ ಇದನ್ನು ಬಡತನ ಎನ್ನುತ್ತಿದ್ದರು, ಈಗ ಹವ್ಯಾಸ ಎನ್ನುತ್ತಾರೆ. ಇದರ ಮೊದಲ ಪಾಠ, ಭಾರ ಕಡಿಮೆ ಮಾಡುವುದು. ನಾನು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೇ ಅರ್ಧಕ್ಕೆ ಕತ್ತರಿಸಿದೆ. ನಮ್ಮವರದ್ದನ್ನೂ ಕತ್ತರಿಸಿದೆ. "ಸರಿ ಕಣೆ" ಎಂದರು. ಅವರು ಯಾವುದಕ್ಕೂ ಸರಿ ಕಣೆ ಎನ್ನುವವರೇ.

ಏಪ್ರಿಲ್ ಬಿಸಿಲಿನಲ್ಲಿ ಹಂಪಿಗೆ ಯಾರಾದರೂ ಸೈಕಲ್ಲಿನಲ್ಲಿ ಹೋಗುತ್ತಾರೆಯೇ ಎಂದು ನೀವು ಕೇಳಬಹುದು. ಮೇಷ್ಟರ ಕೆಲಸದವರಿಗೆ ಲೋಕ ತೆರೆಯುವುದೇ ಬೇಸಿಗೆ ರಜೆಯಲ್ಲಿ, ಏನು ಮಾಡೋಣ? ಜೊತೆಗೆ ನನ್ನ ಯೋಜನೆ ಅಷ್ಟೇನೂ ದಡ್ಡತನದ್ದಾಗಿರಲಿಲ್ಲ. ಕತ್ತಲಿರುವಾಗಲೇ ಹೊರಡುವುದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಬಿಸಿಲು ಏರುವ ಹೊತ್ತಿಗೆ ಎಲ್ಲಾದರೂ ಮರದ ಕೆಳಗೆ ಮಲಗುವುದು, ಸಂಜೆ ಮತ್ತೆ ತುಳಿಯುವುದು. ಹಾಳೆಯ ಮೇಲೆ ಎಷ್ಟು ತಂಪಾಗಿತ್ತೆಂದರೆ ಓದಿದರೇ ಚಳಿಯಾಗುತ್ತಿತ್ತು.

ಕೆಟ್ಟದ್ದು ಬೀಳ್ಕೊಡುಗೆಯಿಂದ. ನಮ್ಮ ಬಡಾವಣೆಯ ಮಹಿಳಾ ಮಂಡಳಿಯಲ್ಲಿ ಯಾರಾದರೂ ಬದರಿಗೋ ಕಾಶಿಗೋ ಹೊರಟರೆ ಸಣ್ಣದೊಂದು ಕಾರ್ಯಕ್ರಮ ಮಾಡುವ ರೂಢಿಯಿದೆ. ಅಧ್ಯಕ್ಷೆ ಸರೋಜಮ್ಮ ಬಂದು, "ಜಯಾ ಮೇಡಂ, ನಿಮ್ಮನ್ನ ಹಾಗೇ ಕಳ್ಸೋಕಾಗುತ್ತಾ? ಬೆಳಿಗ್ಗೆ ಎಲ್ಲ ಕೆಲಸ ಮುಗಿಸಿ ಬರ್ತೀವಿ, ಸ್ವಲ್ಪ ಕಾಯ್ರೀ" ಎಂದರು. ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ನಿಜ ಹೇಳುತ್ತೇನೆ, ಒಳಗೊಳಗೇ ಹಿಗ್ಗಿದ್ದೆ. ಗೇಟಿನ ಮುಂದೆ ಶಾಮಿಯಾನವಿಲ್ಲದ ಬಿಸಿಲಲ್ಲಿ ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಸೈಕಲ್ಲುಗಳಿಗೆ ಹಾರ, ಚಕ್ರಕ್ಕೆ ನಿಂಬೆಹಣ್ಣು, ಆಮೇಲೆ ನನ್ನ ಭಾಷಣ. ನಾನು ಬೇಸಿಗೆಯನ್ನೇ ವಿಷಯ ಮಾಡಿಕೊಂಡೆ. ನಮ್ಮ ಹಳೆಯ ಕವಿಗಳು ಬೇಸಿಗೆ ಬಂತೆಂದರೆ ಲಾವಂಚದ ತೆರೆ, ಗಂಧದ ಲೇಪ, ಬೀಸಣಿಗೆ ಎಂದು ಬರೆದು ಕೈತೊಳೆದುಕೊಂಡರು, ರಸ್ತೆಯ ಮೇಲೆ ನಡೆದವನ ಬೇಸಿಗೆಯನ್ನು ಯಾರೂ ಬರೆಯಲಿಲ್ಲ, ಅದನ್ನು ನಾನು ಕಂಡುಬರುತ್ತೇನೆ ಎಂದೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ನಮ್ಮವರು ಹೆಲ್ಮೆಟ್ ಹಾಕಿಕೊಂಡೇ ಒಂದು ಪಕ್ಕ ನಿಂತು ಬೆವರುತ್ತಿದ್ದರು. ಹಿಂದಿನ ದಿನ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಸರಿಯಾಗಿ ನಿದ್ದೆಯನ್ನೂ ಮಾಡಿರಲಿಲ್ಲ ಆ ಮನುಷ್ಯ.

ಕೊನೆಗೆ ಸರೋಜಮ್ಮ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ. ಮಡಿಲಕ್ಕಿಯ ಸಂಗತಿ ನಿಮಗೆ ಗೊತ್ತಲ್ಲ. ಅದನ್ನು ಬೇಡ ಎನ್ನುವಂತಿಲ್ಲ, ಅಲ್ಲೇ ಬಿಟ್ಟು ಹೋಗುವಂತಿಲ್ಲ, ಹರಸಿದವರ ಎದುರಿಗೇ ಒಳಗೆ ಇಟ್ಟು ಬರುವುದಂತೂ ಸಾಧ್ಯವೇ ಇಲ್ಲ. ಬ್ರಶ್ಶಿನ ಹಿಡಿ ಕತ್ತರಿಸಿದವಳ ಮಡಿಲಿನಲ್ಲಿ ಸೇರುಗಟ್ಟಲೆ ಅಕ್ಕಿ! ಸೈಕಲ್ಲಿನ ಚೀಲಗಳಲ್ಲಿ ಬೆರಳು ತೂರಿಸಲೂ ಜಾಗವಿರಲಿಲ್ಲ. ಆಗ ನಾನು ಮಾಡಿದ ಕೆಲಸ ಕೇಳಿ. ನಮ್ಮವರ ಸೈಕಲ್ಲಿನಿಂದ ನೀರಿನ ದೊಡ್ಡ ಬಾಟಲಿಗಳನ್ನು ತೆಗೆದು ಕಾಂಪೌಂಡಿನ ಮೇಲಿಟ್ಟು, ಆ ಜಾಗಕ್ಕೆ ಅಕ್ಕಿ ಗಂಟನ್ನೂ ಕಾಯಿಯನ್ನೂ ಬಿಗಿದೆ. "ದಾರೀಲಿ ನೀರು ಸಿಗುತ್ತೆ ಬಿಡ್ರೀ" ಎಂದೆ. "ಸರಿ ಕಣೆ" ಎಂದರು.

ಹೊರಟಾಗ ಸೂರ್ಯ ನೆತ್ತಿಗೆ ಬಂದಿದ್ದ. ದಾಸರಹಳ್ಳಿಯವರೆಗೆ ಪರವಾಗಿಲ್ಲ, ಫ್ಲೈಓವರಿನ ನೆರಳಿತ್ತು. ನಾಗಸಂದ್ರದ ಹತ್ತಿರ ಫ್ಲೈಓವರು ನೆಲಕ್ಕಿಳಿಯಿತು, ನೆರಳೂ ಅದರ ಜೊತೆ ಇಳಿದುಹೋಯಿತು. ಮೇಲಿನಿಂದ ಬಿಸಿಲು, ಕೆಳಗಿನಿಂದ ಟಾರು, ಪಕ್ಕದಿಂದ ಲಾರಿಗಳ ಹಬೆ. ಕ್ಯಾತ್ಸಂದ್ರದ ಇಡ್ಲಿಯನ್ನು ನಾನು ಮನಸ್ಸಿನಲ್ಲೇ ದಾಬಸ್‌ಪೇಟೆಯ ಊಟವಾಗಿ ತಿದ್ದಿದೆ. ಸ್ವಲ್ಪ ಹೊತ್ತಿಗೆ ದಾಬಸ್‌ಪೇಟೆಯನ್ನು ನೆಲಮಂಗಲವಾಗಿ ತಿದ್ದಿದೆ. ಯೋಜನೆಯನ್ನು ಸಂದರ್ಭಕ್ಕೆ ತಕ್ಕಂತೆ ಬದಲಿಸುತ್ತಿದ್ದೇನೆ ಎಂದು ನನ್ನನ್ನೇ ಮೆಚ್ಚಿಕೊಂಡೆ. ಬದಲಿಸುತ್ತಿದ್ದದ್ದು ಊಟದ ಜಾಗವನ್ನು ಮಾತ್ರ, ತುಳಿಯುವುದನ್ನಲ್ಲ.

ಮಾದಾವರದ ಹತ್ತಿರ ಆಟೋದವರು ಒಂದು ಅರವಟ್ಟಿಗೆ ಇಟ್ಟಿದ್ದರು. ಎಷ್ಟು ಚೆಂದದ ಪದ ಅರವಟ್ಟಿಗೆ! ದಾರಿಹೋಕರಿಗೆ ಬೇಸಿಗೆಯಲ್ಲಿ ನೀರು, ಮಜ್ಜಿಗೆ, ಪಾನಕ ಕೊಡುವ ಜಾಗ. ಶಾಸನಗಳಲ್ಲೆಲ್ಲ ಇದಕ್ಕೆ ದತ್ತಿ ಬಿಟ್ಟದ್ದು ಸಿಗುತ್ತದೆ, ಕೆರೆ ಕಟ್ಟಿಸಿದಷ್ಟೇ ಪುಣ್ಯವೆಂದು ನಮ್ಮ ಹಿರಿಯರು ನಂಬಿದ್ದರು. ಇದನ್ನು ನಾನು ವರ್ಷಾವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡು ಹೇಳಿದ್ದೇನೆ. "ಬನ್ನಿ ಅಕ್ಕಾ, ಮಜ್ಗೆ ಕುಡ್ಕೊಂಡ್ ಹೋಗಿ, ಸಾರ್ ಬನ್ನಿ" ಎಂದು ಆಟೋದವನೊಬ್ಬ ಲೋಟ ಹಿಡಿದು ಕರೆದ. ನಮ್ಮವರು ಬ್ರೇಕ್ ಹಿಡಿದರು. ನಾನು, "ಈಗಲೇ ಲೇಟಾಗಿದೆ, ಈಗ ನಿಂತ್ರೆ ಮತ್ತೆ ಏಳೋಕಾಗಲ್ಲ, ನಡೀರಿ" ಎಂದೆ. ಅವರು ಬ್ರೇಕ್ ಬಿಟ್ಟರು.

ಅಲ್ಲಿಂದ ಮುಂದಕ್ಕೆ ನನ್ನ ಟೈರು ಪಂಚರ್ ಆಯಿತು. ಅವರು ಟಾರಿನ ಮೇಲೆ ಮಂಡಿಯೂರಿ ಟ್ಯೂಬು ಬದಲಿಸಿದರು, ನಾನು ಸಣ್ಣ ಬಾಟಲಿಯಲ್ಲಿ ಉಳಿದಿದ್ದ ಅವರ ಪಾಲಿನ ನೀರನ್ನೂ ಕುಡಿದೆ. ನಿಮಗೆ ಸಾಕೇ ಎಂದು ಕೇಳಿದ ನೆನಪೂ ಇಲ್ಲ. ಮಾಕಳಿ ಬರುವಷ್ಟರಲ್ಲಿ ಅವರು ಹಿಂದೆ ಬೀಳತೊಡಗಿದರು. ತಿರುಗಿ ನೋಡಿದೆ. ಸೈಕಲ್ಲು ರಸ್ತೆಯ ಪಕ್ಕ ಬಿದ್ದಿತ್ತು, ಅವರು ಅದರ ಪಕ್ಕ ಕೂತು ವಾಂತಿ ಮಾಡುತ್ತಿದ್ದರು. ಓಡಿಹೋದೆ. ಮುಖ ಕೆಂಪಗೆ ಕಾದಿತ್ತು. ನನ್ನನ್ನು ನೋಡಿ, "ಆ ಮಷೀನ್ ಆಫ್ ಮಾಡ್ರೋ, ಬಿಸಿಯಾಗಿದೆ" ಎಂದರು.

ಈಗ ಹೇಳಲೇಬೇಕಾದ ಮಾತು. ಆ ಕ್ಷಣದಲ್ಲಿ ನನ್ನ ತಲೆಗೆ ಮೊದಲು ಬಂದದ್ದು ಅವರಿಗೇನಾಯಿತು ಎಂದಲ್ಲ. ಮಂಡಳಿಯವರಿಗೆ ಏನು ಹೇಳಲಿ ಎಂದು. ಅದು ಕ್ಷಣ ಮಾತ್ರ ಇದ್ದು ಹೋಯಿತು, ನಿಜ. ಆದರೆ ಮೊದಲು ಬಂದದ್ದು ಅದೇ. ಇದನ್ನು ಬರೆಯುವಾಗ ಎಲ್ಲಾದರೂ ಹೋಗಿ ಅವಿತುಕೊಳ್ಳೋಣ ಎನ್ನಿಸುತ್ತಿದೆ.

ರಸ್ತೆಬದಿಯ ಮನೆಯಿಂದ ಒಬ್ಬ ಹೆಂಗಸು ಸೀರೆ ಎತ್ತಿಕಟ್ಟಿಕೊಂಡು ಓಡಿಬಂದರು. ಕೆಂಪಮ್ಮ ಎಂದು ಹೆಸರು. ಹಳೆಯ ಕಾಲದ ಒಕ್ಕಲು ಮನೆ, ಈಗ ಹೊಲದ ಜಾಗದಲ್ಲಿ ಸಾಲಾಗಿ ಶೀಟಿನ ರೂಮು ಕಟ್ಟಿಸಿ ಫ್ಯಾಕ್ಟರಿಯವರಿಗೆ ಬಾಡಿಗೆಗೆ ಬಿಟ್ಟಿದ್ದಾರೆ. "ಅಯ್ಯೋ ನನ್ನವ್ವಾ, ಈ ಬಿಸ್ಲಾಗೆ ಸೈಕಲ್ಲಾ! ಇಡ್ಕೊ ಆ ಕಡೆ, ಒಳೀಕೆ ಸಾಗ್ಸಾನ" ಎಂದು ನಮ್ಮವರ ಒಂದು ರೆಟ್ಟೆಗೆ ಕೈಹಾಕಿದರು. ಜಗುಲಿಯಲ್ಲಿ ಮಲಗಿಸಿ, ಹೆಲ್ಮೆಟ್ಟನ್ನೂ ಬಿಚ್ಚದೆ ಒಂದು ಬಿಂದಿಗೆ ನೀರನ್ನು ದಬದಬ ಸುರಿದುಬಿಟ್ಟರು. ಆಮೇಲೆ ಕುಡಿಯಲು ಬಿಸಿಬಿಸಿ ಕಾಫಿ ತರಲು ಹೊರಟವರನ್ನು ನಾನೇ ತಡೆದೆ. ಅವರ ಕಣ್ಣು ಸೈಕಲ್ಲಿನ ಮೇಲಿದ್ದ ಕಾಯಿಯತ್ತ ಹೋಯಿತು. "ತಗಿ ಆ ಕಾಯ, ಒಡ್ದು ನೀರ್ ಕುಡ್ಸಾನ" ಎಂದರು. ನನ್ನ ಬಾಯಿಂದ, "ಅದು ಮಡಿಲಕ್ಕಿ ಕಾಯಿ..." ಎಂದು ಹೊರಟಿತು.

"ಗಂಡ ಬಿದ್ದವ್ನೆ, ಇವ್ಳು ಕಾಯಿ ನೋಡ್ತಾ ಕುಂತವ್ಳೆ!" ಎಂದವರೇ ಕಾಯನ್ನು ಕಲ್ಲಿಗೆ ಬಡಿದರು. "ಯಾವೂರ್ಗೆ ಒಂಟಿದ್ರಿ?"

"ಹಂಪಿಗೆ."

"ಅಂಪೆಗಾ? ಯಾಕೆ, ಬಸ್ ನಿಂತೋದ್ವಾ?"

ಪಕ್ಕದ ಬೀದಿಯ ಡಾಕ್ಟರು ಬಂದು ಡ್ರಿಪ್ ಹಾಕಿದರು. "ಇನ್ನೊಂಚೂರು ತುಳಿದಿದ್ರೆ ಕಷ್ಟ ಇತ್ತು ಮೇಡಂ. ಯಾಕ್ ಹೀಗ್ ಮಾಡ್ಕೊಂಡ್ರಿ?" ಎಂದರು. ಬಾಟಲಿ ಖಾಲಿಯಾಗುವ ಹೊತ್ತಿಗೆ ನಮ್ಮವರು ಕಣ್ಣು ಬಿಟ್ಟು ನನ್ನ ಹೆಸರು ಹಿಡಿದು ಕರೆದರು. ಕಂಬಕ್ಕೆ ಒರಗಿ ಅತ್ತೆ. ಅಲ್ಲಿಗೆ ಬುದ್ಧಿ ಬಂತು ಎಂದುಕೊಂಡಿರಾ? ಇಲ್ಲ, ಇನ್ನೂ ಇದೆ.

ಫೋನು ಟಿಣ್ ಎಂದಿತು. ಮಂಡಳಿಯ ಗುಂಪಿನಲ್ಲಿ ಸರೋಜಮ್ಮನ ಸಂದೇಶ. "ಎಲ್ಲಿದ್ದೀರಾ ಮೇಡಂ? ಫೋಟೋ ಹಾಕಿ, ಎಲ್ರೂ ಕಾಯ್ತಿದೀವಿ." ನಾನು ಎದ್ದು ಮುಖ ತೊಳೆದುಕೊಂಡು, ಸೈಕಲ್ಲನ್ನು ಕೆಂಪಮ್ಮನ ಮನೆಯ ಹುಣಸೆಮರಕ್ಕೆ ಒರಗಿಸಿದೆ. ಮರ ಯಾವ ಊರಿನದೂ ಆಗಬಹುದಲ್ಲ. "ಒಂದು ಫೋಟೋ ತೆಗೀತೀರಾ?" ಎಂದು ಕೆಂಪಮ್ಮನ ಕೈಗೆ ಫೋನು ಕೊಟ್ಟೆ. ಜಗುಲಿ ಕಾಣಬಾರದು, ಇತ್ತ ಕಡೆಯಿಂದ ತೆಗೆಯಿರಿ ಎಂದೂ ಹೇಳಿಕೊಟ್ಟೆ.

ಹಲ್ಲು ಕಿರಿದು ನಿಂತಿದ್ದಾಗ ಪಕ್ಕದಲ್ಲಿ ಸರಿದಾಡಿದ ಸದ್ದಾಯಿತು. ನಮ್ಮವರು. ಒದ್ದೆ ಬಟ್ಟೆಯಲ್ಲೇ ಜಗುಲಿಯಿಂದ ಇಳಿದು, ಹೆಲ್ಮೆಟ್ಟನ್ನು ತಲೆಗಿಟ್ಟುಕೊಂಡು, ಮರ ಹಿಡಿದು ಬಂದು ನನ್ನ ಪಕ್ಕ ನಿಂತರು. ಕಾಲು ನಡುಗುತ್ತಿತ್ತು. "ನಾನಿಲ್ದಿದ್ರೆ ಕೇಳ್ತಾರೆ ಕಣೆ" ಎಂದು ಫೋನಿನ ಕಡೆ ನೋಡಿ ನಗಲು ಪ್ರಯತ್ನಪಟ್ಟರು.

ನನ್ನ ಜನ್ಮದಲ್ಲಿ ನಾನು ಅಷ್ಟು ಸಣ್ಣವಳಾದದ್ದು ಬೇರೆ ಯಾವತ್ತೂ ಇಲ್ಲ. ಕೆಂಪಮ್ಮ ಕೂಡ ಫೋಟೋ ತೆಗೆಯದೆ ಫೋನನ್ನು ಕೆಳಗಿಳಿಸಿ ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಮ್ಮವರನ್ನು ಮಲಗಿಸಿ ಬಂದು ಸರೋಜಮ್ಮನಿಗೆ ಫೋನು ಮಾಡಿದೆ. ಮಾಕಳಿಯಲ್ಲಿದ್ದೇವೆ, ಹೀಗಾಯಿತು, ಸಂಜೆ ವಾಪಸ್ಸು ಬರುತ್ತೇವೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆಯಿಂದ ನಗು ಬರುತ್ತದೆ ಎಂದು ಕಾದೆ.

"ಅಬ್ಬಾ, ಸದ್ಯ!" ಎಂದರು ಸರೋಜಮ್ಮ. "ನಮಗೆಲ್ಲ ಎದೇಲಿ ಡವಡವ ಅಂತಿತ್ತು ಕಣ್ರೀ. ಈ ಬಿಸ್ಲಲ್ಲಿ ಬೇಡ ಅಂತ ಹೇಳೋಣ ಅಂತಾನೇ ಬೆಳಿಗ್ಗೆ ಎಲ್ರೂ ಬಂದಿದ್ದು."

"ಮತ್ತೆ ಹೇಳ್ಬೇಕಿತ್ತಲ್ವಾ?"

"ನಿಮಗೆ ಹೇಳೋದಾ ಮೇಡಂ? ಹೇಗೆ ಹೇಳೋದು? ನೀವು ಹೇಳು ನೀನು ಹೇಳು ಅಂತ ನಮ್ಮನಮ್ಮಲ್ಲೇ ಆಯ್ತು. ಕೊನೆಗೆ ಮಡಿಲಾದ್ರೂ ತುಂಬೋಣ, ಒಳ್ಳೇದಾಗ್ಲಿ ಅಂದ್ಕೊಂಡ್ವಿ."

ಜನ ನಗುತ್ತಾರೆ ಎಂಬ ಭಯದಲ್ಲಿ ನಾನು ಅಷ್ಟು ದೂರ ತುಳಿದಿದ್ದೆ. ಜನರಿಗೋ ನನ್ನ ಭಯ. ಅವರಿಗೆ ನನ್ನ ಮುಂದೆ ನಿಂತು ಬೇಡ ಎನ್ನಲು ಧೈರ್ಯ ಬಂದಿರಲಿಲ್ಲ. ನಲವತ್ತು ಮಕ್ಕಳನ್ನು ಒಂದು ಹುಬ್ಬು ಏರಿಸಿಯೇ ಕೂರಿಸುತ್ತೇನೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುವುದುಂಟು. ಆ ಹುಬ್ಬನ್ನು ಮನೆಗೆ ಬಂದ ಮೇಲೆ ಇಳಿಸುತ್ತೇನೋ ಇಲ್ಲವೋ ಎಂದು ಮಾತ್ರ ಯೋಚಿಸಿರಲಿಲ್ಲ.

ಬಿಸಿಲು ಇಳಿದ ಮೇಲೆ ಕೆಂಪಮ್ಮನ ಬಾಡಿಗೆದಾರರೊಬ್ಬರ ಲಗೇಜ್ ಗಾಡಿಯಲ್ಲಿ ಸೈಕಲ್ಲುಗಳನ್ನು ಹಾಕಿಕೊಂಡು ಮನೆಗೆ ಬಂದೆವು. ಮಂಡಳಿಯವರು ಯಾರೂ ನಗಲಿಲ್ಲ. ಒಬ್ಬರು ಎಳನೀರು ತಂದರು, ಒಬ್ಬರು ಅನ್ನ ತಿಳಿಸಾರು ಕಳಿಸಿದರು. ಅವರ ಒಳ್ಳೆಯತನವೂ ನನಗೆ ಚುಚ್ಚುತ್ತಿತ್ತು.

ವಾರದ ಮೇಲೆ ನಮ್ಮವರು ಚೇತರಿಸಿಕೊಂಡು ಅಂಗಳದಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಹತ್ತಿರ ಹೋಗಿ, "ರೀ, ನಿಜ ಹೇಳಿ, ನಿಮಗೆ ಹಂಪಿಗೆ ಬರೋಕೆ ಮನಸ್ಸಿತ್ತಾ?" ಎಂದೆ.

ಅವರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖಕ್ಕೆ ಅಡ್ಡ ಹಿಡಿದರು. ಆಮೇಲೆ ಮೆಲ್ಲಗೆ, "ಇರ್ಲಿಲ್ಲ" ಎಂದರು.

"ಬಿಸಿಲಿಗಾ?"

"ಬಿಸಿಲಿಗಲ್ಲ. ನಂಗೆ ಸೈಕಲ್ಲು ಅಂದ್ರೇನೇ ಆಗಲ್ಲ ಕಣೆ. ಮೊದ್ಲಿಂದಾನೂ."

ಎಷ್ಟು ಭಾನುವಾರಗಳು! ಎಷ್ಟು ಸಲ ಹೆಸರಘಟ್ಟ! ಜಗಳಕ್ಕೆ ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಅವರು ಪೇಪರಿನ ಅಂಚಿನಿಂದ ನನ್ನ ಹುಬ್ಬನ್ನೇ ನೋಡುತ್ತಿದ್ದರು, ಮಳೆ ಬರುತ್ತದೆಯೋ ಇಲ್ಲವೋ ಎಂದು ಮೋಡ ನೋಡುವ ಹಾಗೆ. ಪ್ರಯತ್ನಪೂರ್ವಕವಾಗಿ ಹುಬ್ಬು ಇಳಿಸಿದೆ.

"ಇನ್ನೂ ಏನೇನು ಆಗಲ್ಲ ನಿಮಗೆ?" ಎಂದು ಕೇಳಿದೆ.

ಅವರು ಪೇಪರನ್ನು ಮಡಿಚಿ ಪಕ್ಕಕ್ಕಿಟ್ಟು, ಪಕ್ಕದ ಕುರ್ಚಿಯನ್ನು ನನ್ನ ಕಡೆ ಎಳೆದರು. "ಕೂತ್ಕೋ" ಎಂದರು, "ಸ್ವಲ್ಪ ಹೊತ್ತಾಗುತ್ತೆ."

ಕೂತೆ.